ಎರಡು ಡಾಲರ್ ಬಾಕಿ

"ಜೊತೆಗೆ ಯಾರಿದ್ದಾರೆ?"

ಮೆಲ್ಬರ್ನ್‌ನಿಂದ ಅಡಿಲೇಡ್‌ವರೆಗೆ ಕರಾವಳಿಯ ದಾರಿಯಲ್ಲಿ ಕಾರಿನಲ್ಲಿ ಹೋಗುತ್ತೇನೆ ಎಂದಾಗ ಊರಿನಿಂದ ಆಪಾ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಇದು. ಯಾರೂ ಇಲ್ಲ ಎಂದೆ. ಅವಳ ಮಗ ಮೆಲ್ಬರ್ನ್‌ನಲ್ಲಿ ಇಂಜಿನಿಯರ್. ಅವನನ್ನು ನೋಡಲೆಂದೇ ನಾನು ಹೋದದ್ದು. ಅವನಿಗೆ ರಜೆ ಸಿಗಲಿಲ್ಲ, ಕಾರಿನ ಕೀಲಿ ಮಾತ್ರ ಕೊಟ್ಟ. ಆಪಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಾಹ್ ನೋಡುತ್ತಿರುತ್ತಾನೆ. ಆದರೂ ಹುಷಾರು" ಎಂದಳು. ನಾವು ಪ್ರಯಾಣಕ್ಕೆ ಹೊರಟವರಿಗೆಲ್ಲ ಹೇಳುವ ಮಾತು ಅದು. ಅದು ಕಾಯುವ ಮಾತು ಮಾತ್ರವಲ್ಲ, ಲೆಕ್ಕ ಕೇಳುವ ಮಾತೂ ಹೌದು ಎಂಬುದು ಮೂರನೆಯ ದಿನ ನನಗೆ ತಿಳಿಯಿತು.

ಏಪ್ರಿಲ್ ತಿಂಗಳು, ಅಲ್ಲಿ ಚಳಿಗಾಲಕ್ಕೆ ಮುಂಚಿನ ಹಿತವಾದ ಬಿಸಿಲು. ಗ್ರೇಟ್ ಓಷನ್ ರೋಡ್ ಎಂಬ ಆ ರಸ್ತೆ ಸುಮಾರು 240 ಕಿಲೋಮೀಟರ್ ಕಡಲಿಗೆ ಅಂಟಿಕೊಂಡೇ ಸಾಗುತ್ತದೆ. ಮೊದಲನೆಯ ಮಹಾಯುದ್ಧ ಮುಗಿಸಿ ಬಂದ ಸುಮಾರು 3,000 ಸೈನಿಕರು 1919ರಿಂದ 1932ರವರೆಗೆ ಗುದ್ದಲಿ, ಹಾರೆ ಹಿಡಿದು ಬಂಡೆ ಕಡಿದು ಇದನ್ನು ಮಾಡಿದರು. ಯುದ್ಧದಲ್ಲಿ ಸತ್ತ ತಮ್ಮ ಜೊತೆಗಾರರ ನೆನಪಿಗೆ ಅರ್ಪಿಸಿದ ರಸ್ತೆ ಅದು. ದಾರಿಗೆ ಅಡ್ಡಲಾಗಿ ಒಂದು ಸ್ಮಾರಕ ಕಮಾನು ಇದೆ. ಅದರ ಕೆಳಗೆ ಕಾರು ಹಾಯಿಸುವಾಗ ನನಗೆ ಗೌರವವೇ ಮೂಡಿತು. ಸತ್ತವರಿಗಾಗಿ ಗೋಪುರ ಕಟ್ಟುವ ಬದಲು ಬದುಕಿರುವವರು ನಡೆಯುವ ದಾರಿ ಮಾಡಿದರಲ್ಲ ಎಂದುಕೊಂಡೆ.

ಒಂಟಿಯಾಗಿ ಕಾರು ಓಡಿಸುವವನಿಗೆ ಮಾತಿನ ಹಸಿವು ಬೇಗ ಹುಟ್ಟುತ್ತದೆ. ಸಮುದ್ರದಲ್ಲಿ ನಿಂತ ಸುಣ್ಣಕಲ್ಲಿನ ಕಂಬಗಳನ್ನು ನೋಡಲು 'ಟ್ವೆಲ್ವ್ ಅಪಾಸ್ಟಲ್ಸ್' ಬಳಿ ಬಸ್ಸುಗಟ್ಟಲೆ ಜನ ಇರುತ್ತಾರೆ. ಹೆಸರಿಗೆ ಹನ್ನೆರಡಾದರೂ ಅವು ಎಂದೂ ಹನ್ನೆರಡು ಇರಲಿಲ್ಲ. 2005ರಲ್ಲಿ ಒಂದು ಕುಸಿದು ಬಿತ್ತು. ಆದರೆ ಅಲ್ಲಿಂದ ಒಳನಾಡಿಗೆ ತಿರುಗಿದರೆ ಜನವೇ ಇಲ್ಲ. ಹಸಿರು ಗುಡ್ಡ, ತಂತಿಬೇಲಿ, ಹಸುಗಳು. ಎದುರಿಗೆ ಬರುವ ಪಿಕಪ್‌ನವನು ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾನೆ. ಅದು ಆ ನಾಡಿನ ಹಳ್ಳಿಗಾಡಿನ ಸಲಾಮು. ಅರ್ಧ ದಿನದಲ್ಲಿ ನಾನೂ ಬೆರಳೆತ್ತಲು ಕಲಿತೆ.

ಅಲ್ಲಿಯ ಹೊಲಗಳ ಗೇಟಿನ ಬಳಿ ಸಣ್ಣ ಮರದ ಗೂಡುಗಳಿರುತ್ತವೆ. ಒಳಗೆ ಮೊಟ್ಟೆ, ನಿಂಬೆ, ಕುಂಬಳಕಾಯಿ, ಜಾಮ್ ಬಾಟಲಿ. ಪಕ್ಕದಲ್ಲಿ ಬೆಲೆ ಬರೆದ ಹಲಗೆ, ಹಣ ಹಾಕಲು ಒಂದು ಡಬ್ಬಿ. ಮಾರುವವರು ಯಾರೂ ಇಲ್ಲ. ಬೇಕಾದ್ದನ್ನು ತೆಗೆದುಕೊಂಡು ಹಣ ಹಾಕಿ ಹೋಗಬೇಕು. ಅಬ್ಬಾ ಕಿರಾಣಿ ಅಂಗಡಿ ಇಟ್ಟಿದ್ದವರು. ಉದ್ರಿ ಪುಸ್ತಕವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದರು. ಅವರಿದ್ದಿದ್ದರೆ ಈ ಗೂಡುಗಳ ಮುಂದೆ ಅರ್ಧ ಗಂಟೆ ನಿಲ್ಲುತ್ತಿದ್ದರು.

ಅಂಥ ಒಂದು ಗೂಡಿನ ಮುಂದೆ ನಾನು ನಿಲ್ಲಿಸಿದೆ. ಕಾರಿನಲ್ಲಿ ಬ್ರೆಡ್ ಇತ್ತು, ಹಚ್ಚಿಕೊಳ್ಳಲು ಏನೂ ಇರಲಿಲ್ಲ. ಜಾಮ್ ಬಾಟಲಿಗೆ 6 ಡಾಲರ್. ನನ್ನ ಬಳಿ ಎರಡೆರಡು ಡಾಲರಿನ ಎರಡು ನಾಣ್ಯ ಮತ್ತು 50ರ ಒಂದು ನೋಟು. ಐವತ್ತನ್ನು ಡಬ್ಬಿಗೆ ಹಾಕುವಷ್ಟು ಧಾರಾಳಿ ನಾನಲ್ಲ. ಜಾಮನ್ನು ಅಲ್ಲೇ ಇಟ್ಟು ಹೋಗಬಹುದಿತ್ತು. ಸುತ್ತ ನೋಡಿದೆ. ಬೇಲಿಯಾಚೆ ನಾಲ್ಕೈದು ಹಸುಗಳು ಮಾತ್ರ. ನಾಲ್ಕು ಡಾಲರ್ ಹಾಕಿ, ಬಾಟಲಿ ತೆಗೆದುಕೊಂಡು ಹೊರಟೆ. ಬರುವಾಗ ಉಳಿದ ಎರಡು ಹಾಕಿದರಾಯಿತು ಎಂದು ಮನಸ್ಸಿಗೆ ಹೇಳಿದೆ. ವಾಪಸು ಬರುವ ದಾರಿ ಬೇರೆ, ಒಳನಾಡಿನ ಹೆದ್ದಾರಿ ಎಂದು ಮನಸ್ಸಿಗೂ ಗೊತ್ತಿತ್ತು.

ಮರುದಿನ ಪೋರ್ಟ್‌ಲ್ಯಾಂಡ್ ಎಂಬ ಬಂದರು ಪಟ್ಟಣ ತಲುಪಿದೆ. ವಿಕ್ಟೋರಿಯಾ ರಾಜ್ಯದಲ್ಲಿ ಬಿಳಿಯರು ಕಾಯಮ್ಮಾಗಿ ನೆಲೆಯೂರಿದ ಮೊದಲ ಜಾಗ ಅದು, 1834ರಲ್ಲಿ. ಅದರ ಪಕ್ಕದ ಕಡಲ ದಂಡೆಯೊಂದಕ್ಕೆ 'ಕನ್ವಿನ್ಸಿಂಗ್ ಗ್ರೌಂಡ್' ಎಂದು ಹೆಸರು. ಮನವರಿಕೆ ಮಾಡಿಸಿದ ನೆಲ ಎಂದು ಅರ್ಥ. 1833 ಅಥವಾ 34ರಲ್ಲಿ ಒಂದು ತಿಮಿಂಗಿಲ ದಡಕ್ಕೆ ಬಂದು ಬಿತ್ತು. ದಡಕ್ಕೆ ಬಂದದ್ದು ತಲೆತಲಾಂತರದಿಂದ ನಮ್ಮದು ಎಂದರು ಅಲ್ಲಿಯ ಮೂಲನಿವಾಸಿಗಳಾದ ಗುಂಡಿಚ್‌ಮಾರಾ ಜನ. ನಮ್ಮದು ಎಂದರು ತಿಮಿಂಗಿಲ ಬೇಟೆಗೆ ಬಂದ ಬಿಳಿಯರು. ಬಂದೂಕು ತೀರ್ಪು ಕೊಟ್ಟಿತು. ಆ ಕುಲದಲ್ಲಿ ಇಬ್ಬರು ಮಾತ್ರ ಉಳಿದರೆಂದು ಹೇಳುತ್ತಾರೆ. ಸತ್ತವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಎಣಿಸಿ ಬರೆದಿಡುವವರು ಯಾರೂ ಅಲ್ಲಿ ಇರಲಿಲ್ಲ. ಎಷ್ಟೋ ವರ್ಷಗಳ ನಂತರ, 1841ರಲ್ಲಿ, ಮೂಲನಿವಾಸಿಗಳ ರಕ್ಷಣೆಗೆಂದು ಸರಕಾರ ನೇಮಿಸಿದ್ದ ಜಾರ್ಜ್ ರಾಬಿನ್‌ಸನ್ ಎಂಬ ಅಧಿಕಾರಿ ಜನ ಹೇಳಿದ್ದನ್ನು ತನ್ನ ದಿನಚರಿಯಲ್ಲಿ ಬರೆದುಕೊಂಡ.

ಯಾರೂ ನೋಡದ ಜಾಗದಲ್ಲಿ ಮನುಷ್ಯ ಏನು ಮಾಡುತ್ತಾನೆ? ಆ ಮೊಟ್ಟೆಯ ಗೂಡೂ ಈ ಕಡಲ ದಂಡೆಯೂ ಒಂದೇ ಪ್ರಶ್ನೆಯನ್ನು ಕೇಳುತ್ತಿವೆ ಎನ್ನಿಸಿತು.

ಅಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಬಜ್ ಬಿಮ್ ಇದೆ. ಹಳೆಯ ಜ್ವಾಲಾಮುಖಿಯೊಂದರ ಲಾವಾ ಹರಿದು ಗಟ್ಟಿಯಾದ ಕಪ್ಪು ಕಲ್ಲಿನ ಸೀಮೆ. ಗುಂಡಿಚ್‌ಮಾರಾ ಜನ ಅದೇ ಕಲ್ಲನ್ನು ಜೋಡಿಸಿ ಕಾಲುವೆ, ಒಡ್ಡು, ಕೊಳ ಕಟ್ಟಿ ಹಾವುಮೀನು ಸಾಕುತ್ತಿದ್ದರು. ಕನಿಷ್ಠ 6,600 ವರ್ಷಗಳ ಹಿಂದಿನ ಕೆಲಸ ಅದು, ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯದು. ಕಲ್ಲಿನ ಮನೆಗಳನ್ನೂ ಕಟ್ಟಿದ್ದರು. 2019ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇವರು ಅಲೆಮಾರಿಗಳು, ನೆಲದ ಮೇಲೆ ಇವರಿಗೆ ಯಾವ ಒಡೆತನವೂ ಇಲ್ಲ ಎಂದು ಹೇಳಿ ಕಸಿದುಕೊಂಡ ನೆಲದಲ್ಲಿ ಆ ಕಾಲುವೆಗಳು ಇಂದಿಗೂ ಇವೆ. ಗುಂಡಿಚ್‌ಮಾರಾ ಜನರ ಭೂಹಕ್ಕನ್ನು ಅಲ್ಲಿಯ ನ್ಯಾಯಾಲಯ ಒಪ್ಪಿಕೊಂಡದ್ದು 2007ರಲ್ಲಿ.

ಒಬ್ಬ ಬಿಳಿಯ ಮಾತ್ರ ಬೆಲೆ ಕೊಡುವ ನಾಟಕವನ್ನಾದರೂ ಆಡಿದ್ದ. 1835ರಲ್ಲಿ ಜಾನ್ ಬ್ಯಾಟ್‌ಮನ್ ಎಂಬವನು ಈಗಿನ ಮೆಲ್ಬರ್ನ್ ಸುತ್ತಲಿನ ಲಕ್ಷಾಂತರ ಎಕರೆಗೆ ವುರುಂಜೆರಿ ಹಿರಿಯರೊಂದಿಗೆ ಒಪ್ಪಂದ ಮಾಡಿಕೊಂಡೆ ಎಂದ. ಕೊಟ್ಟದ್ದು ಕಂಬಳಿ, ಕೊಡಲಿ, ಚಾಕು, ಕನ್ನಡಿ, ಹಿಟ್ಟು. ಅದೇ ವರ್ಷ ಗವರ್ನರ್ ಬರ್ಕ್ ಆ ಒಪ್ಪಂದ ರದ್ದು ಎಂದು ಘೋಷಿಸಿದ. ಬೆಲೆ ಕಡಿಮೆಯಾಯಿತು ಎಂಬ ಕಾರಣಕ್ಕಲ್ಲ. ನೆಲ ಬ್ರಿಟಿಷ್ ದೊರೆಯದ್ದು, ಮೂಲನಿವಾಸಿಗಳಿಗೆ ಅದನ್ನು ಮಾರುವ ಹಕ್ಕೇ ಇಲ್ಲ ಎಂಬ ಕಾರಣಕ್ಕೆ. ಡಬ್ಬಿಗೆ ನಾಲ್ಕು ಕಾಸು ಹಾಕಿದವನಿಗೆ, ಇದಕ್ಕೆ ಮಾಲೀಕನೇ ಇಲ್ಲ, ಹಾಕಬೇಕಾಗಿಲ್ಲ ಎಂದು ಸರಕಾರವೇ ಹೇಳಿದ ಹಾಗೆ. ಆ ಮಾತು ತಪ್ಪು ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಮಾಬೋ ಮೊಕದ್ದಮೆಯಲ್ಲಿ ಹೇಳಲು 1992 ಬರಬೇಕಾಯಿತು.

ಆ ರಾತ್ರಿ ಮೋಟೆಲ್ ಕೋಣೆಯಲ್ಲಿ ಬ್ರೆಡ್ಡಿಗೆ ಜಾಮ್ ಹಚ್ಚುತ್ತ ಬಿಳಿಯರ ಬಗ್ಗೆ ಕಠಿಣವಾಗಿ ಯೋಚಿಸುತ್ತಿದ್ದೆ. ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಚಿಲ್ಲರೆ ಮೇಜಿನ ಮೇಲಿತ್ತು. ಆಗಲೇ ಎರಡು ಡಾಲರಿನ ನಾಣ್ಯವನ್ನು ಸರಿಯಾಗಿ ನೋಡಿದ್ದು. ಅದರ ಒಂದು ಬದಿಯಲ್ಲಿ ಗಡ್ಡದ ಒಬ್ಬ ಮೂಲನಿವಾಸಿ ಹಿರಿಯನ ಮುಖವಿದೆ. 1988ರಲ್ಲಿ ಬಂದ ನಾಣ್ಯ ಅದು. ಗ್ವೋಯಾ ಜುಂಗುರಾಯಿ ಎಂಬವರ ಚಿತ್ರದಿಂದ ಪ್ರೇರಣೆ ಪಡೆದದ್ದು. ಅವರು 1928ರ ಕೊನಿಸ್ಟನ್ ಹತ್ಯಾಕಾಂಡದಿಂದ ಪಾರಾಗಿ ಬದುಕಿದವರು. ನಾನು ಬಾಕಿ ಉಳಿಸಿಕೊಂಡದ್ದು ಸರಿಯಾಗಿ ಅಂಥ ಒಂದು ನಾಣ್ಯವನ್ನು. ಗಂಟಲಿನಲ್ಲಿ ಬ್ರೆಡ್ ಇಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಳಿಯಿತು. ಆದರೆ ನ್ಯಾಯಾಧೀಶನ ಕುರ್ಚಿಯಿಂದ ನಾನು ಎದ್ದು ನಿಲ್ಲಬೇಕಾಯಿತು.

ಮುಂದೆ ಕೂರೊಂಗ್ ಎಂಬ ಉಪ್ಪುನೀರಿನ ಹಿನ್ನೀರಿನ ಪಕ್ಕದಲ್ಲಿ ಸಾಗಿ ಅಡಿಲೇಡ್ ಸೇರಿದೆ. ಅಲ್ಲಿ ಲಿಟಲ್ ಗಿಲ್ಬರ್ಟ್ ಬೀದಿಯಲ್ಲಿ 1888–89ರಲ್ಲಿ ಕಟ್ಟಿದ ಮಸೀದಿ ಇದೆ. ನಾಲ್ಕು ಮಿನಾರುಗಳನ್ನು 1903ರಲ್ಲಿ ಸೇರಿಸಿದರು. ಕಟ್ಟಿದವರು ಒಂಟೆ ಸಾರಥಿಗಳು. ಪೇಶಾವರ, ಬಲೂಚಿಸ್ತಾನ, ಸಿಂಧ್, ಪಂಜಾಬ್, ಅಫ್ಘಾನಿಸ್ತಾನಗಳಿಂದ ಬಂದವರನ್ನೆಲ್ಲ ಅಲ್ಲಿ 'ಅಫ್ಘಾನ್' ಎಂದೇ ಕರೆದರು. 1860ರಲ್ಲಿ ಬರ್ಕ್ ಮತ್ತು ವಿಲ್ಸ್ ಅವರ ಶೋಧಯಾತ್ರೆಗೆ ಕರಾಚಿಯಿಂದ ಒಂಟೆಗಳ ಜೊತೆ ಮೊದಲ ತಂಡ ಹೋಯಿತು. ರೈಲು, ಲಾರಿ ಬರುವವರೆಗೆ ಆ ಮರುಭೂಮಿಯಲ್ಲಿ ಟೆಲಿಗ್ರಾಫ್ ಕಂಬ, ಉಣ್ಣೆ, ಹಿಟ್ಟು ಹೊತ್ತವು ಇವರ ಒಂಟೆಗಳೇ. 1901ರಲ್ಲಿ ಬಿಳಿಯರಲ್ಲದವರನ್ನು ಹೊರಗಿಡುವ ಕಾನೂನು ಬಂದಾಗ, ಹೆಂಡತಿ ಮಕ್ಕಳನ್ನು ಕರೆತರಲಾಗದೆ ಎಷ್ಟೋ ಜನ ಇದೇ ಮಸೀದಿಯ ಕೋಣೆಗಳಲ್ಲಿ ಮುದುಕರಾದರು.

ಅಂಗಳದಲ್ಲಿ ಕೂತಾಗ ನನಗೆ ಅವರ ಮೇಲೆ ಕರುಣೆ ಉಕ್ಕಿತು. ಜೊತೆಗೇ ಇನ್ನೊಂದು ಯೋಚನೆಯೂ ಬಂತು. ಅವರು ಹೊತ್ತ ಸಾಮಾನು ಯಾರದು? ನೆಲ ಕಸಿದುಕೊಂಡು ಒಳನಾಡಿಗೆ ಹೋಗುತ್ತಿದ್ದವರದು. ಅವರ ಒಂಟೆಗಳು ಮರುಭೂಮಿಯ ಹೊಂಡಗಳಲ್ಲಿ ಕುಡಿದ ನೀರು ಯಾರದು? ಕೆಲವರು ಮೂಲನಿವಾಸಿ ಹೆಣ್ಣುಮಕ್ಕಳನ್ನು ಮದುವೆಯಾಗಿ ಆ ನೆಲದ ಬಂಧುಗಳೇ ಆದರು, ನಿಜ. ಆದರೆ ಅನ್ಯಾಯಕ್ಕೆ ಒಳಗಾದವರು ಇನ್ನೊಬ್ಬರ ಮೇಲಿನ ಅನ್ಯಾಯಕ್ಕೆ ಹೆಗಲು ಕೊಡಲಾರರು ಎಂದು ನಂಬುವುದು ನಮ್ಮ ಆಸೆ ಮಾತ್ರ. ನಮ್ಮವರು ಎಂಬ ಪ್ರೀತಿಯಿಂದ ಲೆಕ್ಕ ಬದಲಾಗುವುದಿಲ್ಲ.

ಗೋಧಿ ಹೊಲಗಳ ನಡುವಿನ ಒಳನಾಡಿನ ಹೆದ್ದಾರಿಯಲ್ಲಿ, ಹಾರ್ಶಮ್, ಬಲ್ಲಾರಟ್ ದಾಟಿ ಮೆಲ್ಬರ್ನ್‌ಗೆ ಮರಳಿದೆ. ರಾತ್ರಿ ಊಟಕ್ಕೆ ಕೂತಾಗ ಅಕ್ಕನ ಮಗನಿಗೆ ಇದನ್ನೆಲ್ಲ ಹೇಳಿದೆ. ಅವನು ತಟ್ಟೆಯಿಂದ ತಲೆ ಎತ್ತಿದ.

"ಮಾಮೂ, ನಾನು ಇಲ್ಲಿಗೆ ಬಂದದ್ದು 2014ರಲ್ಲಿ. ಈ ಮನೆಗೆ ಮೂವತ್ತು ವರ್ಷದ ಬ್ಯಾಂಕ್ ಸಾಲ ಇದೆ. ನಾನು ಯಾರನ್ನು ಕೊಂದೆ, ಯಾರಿಂದ ಕಸಿದೆ?"

ಅವನ ಪ್ರಶ್ನೆ ನ್ಯಾಯವಾದದ್ದೇ. ಅಜ್ಜ ಮಾಡಿದ ಪಾಪ ಮೊಮ್ಮಗನ ತಲೆಗೆ ಬರುವುದಿಲ್ಲ, ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂದೇ ನಾವೂ ನಂಬುತ್ತೇವೆ. ಆದರೆ ನಮ್ಮಲ್ಲಿ ಜನಾಝಾ ನಮಾಝ್‌ಗೆ, ಅಂದರೆ ಶವದ ಮುಂದೆ ನಿಂತು ಮಾಡುವ ಪ್ರಾರ್ಥನೆಗೆ, ಮೊದಲು ಮನೆಯವರೊಬ್ಬರು ಎದ್ದು ನಿಂತು ಒಂದು ಮಾತು ಹೇಳುವ ರೂಢಿ ಇದೆ: ಈ ಮಯ್ಯತ್ ಯಾರಿಗಾದರೂ ಸಾಲ ಕೊಡಬೇಕಿದ್ದರೆ ನಮಗೆ ಹೇಳಿ, ನಾವು ತೀರಿಸುತ್ತೇವೆ. ಸಾಲ ತೀರಿಸಿದ ಮೇಲೆ ಉಳಿದದ್ದೇ ವಾರಸುದಾರರ ಪಾಲು. ಅಂದರೆ ಪಾಪ ಬೇರೆ, ಸಾಲ ಬೇರೆ. ಪಾಪ ಮಾಡಿದವನ ಜೊತೆ ಮಣ್ಣಿಗೆ ಹೋಗುತ್ತದೆ. ಸಾಲ ಆಸ್ತಿಯ ಜೊತೆ ಉಳಿಯುತ್ತದೆ. ಕೊಂಡುಕೊಂಡವನಿಗೂ ಇದು ತಪ್ಪಿದ್ದಲ್ಲ. ನಮ್ಮೂರಿನಲ್ಲಿ ಸೈಟು ಕೊಳ್ಳುವ ಮುನ್ನ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಇ.ಸಿ. ತೆಗೆಸುವುದು ಯಾಕೆ? ಆ ನೆಲದ ಮೇಲೆ ಯಾರ ಋಣಭಾರ ಇದೆ ಎಂದು ನೋಡಲು. ಋಣ ನಾನು ಮಾಡಿದ್ದಲ್ಲ ಎಂದ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ.

ಆ ದೇಶ ಈ ಲೆಕ್ಕದ ಪುಸ್ತಕವನ್ನು ಒಮ್ಮೆ ತೆರೆಯುತ್ತದೆ, ಒಮ್ಮೆ ಮುಚ್ಚುತ್ತದೆ. ತಾಯಂದಿರಿಂದ ಕಿತ್ತುಕೊಂಡು ಹೋದ ಮೂಲನಿವಾಸಿ ಮಕ್ಕಳ ವಿಷಯದಲ್ಲಿ 2008ರಲ್ಲಿ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಮೂಲನಿವಾಸಿಗಳ ಮಾತನ್ನು ಸಂಸತ್ತಿಗೆ ಮುಟ್ಟಿಸುವ ಮಂಡಳಿಯನ್ನು ಸಂವಿಧಾನದಲ್ಲಿ ಸೇರಿಸಬೇಕೇ ಎಂದು 2023ರಲ್ಲಿ ಜನಮತ ಕೇಳಿದಾಗ ಬಹುಮತ ಬೇಡ ಎಂದಿತು. ಹಾಗಿದ್ದೂ 2025ರಲ್ಲಿ ವಿಕ್ಟೋರಿಯಾ ರಾಜ್ಯ ತನ್ನ ಮೂಲನಿವಾಸಿಗಳೊಂದಿಗೆ ಒಪ್ಪಂದಕ್ಕೆ ಕಾನೂನು ಮಾಡಿತು. ಬರ್ಕ್ ರದ್ದು ಮಾಡಿ 190 ವರ್ಷಗಳಾಗಿದ್ದವು.

ಕೊನೆಗೆ ಆ ಜಾಮಿನ ಕತೆಯನ್ನೂ ಅವನಿಗೆ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. "ಎರಡು ಡಾಲರ್, ಮಾಮೂ! ಅಲ್ಲಿಗೆ ಹೋಗಿ ಬರುವ ಪೆಟ್ರೋಲಿಗೇ ಐವತ್ತು ಆಗುತ್ತದೆ. ಅವರಿಗೆ ಗೊತ್ತೂ ಆಗಿರುವುದಿಲ್ಲ."

ಇದೇ ಮಾತನ್ನಲ್ಲವೇ ದೊಡ್ಡ ಸಾಲಗಾರರೂ ಹೇಳುವುದು? ತೀರಿಸುವ ಖರ್ಚು ಸಾಲಕ್ಕಿಂತ ಹೆಚ್ಚು, ತುಂಬಾ ದಿನವಾಯಿತು, ಯಾರೂ ಕೇಳುತ್ತಿಲ್ಲ. ನಾನು ವಾದ ಮಾಡಲಿಲ್ಲ. ವಾದ ಮಾಡುವ ಯೋಗ್ಯತೆ ನನಗಿರಲಿಲ್ಲ, ಮೂರು ದಿನದ ನಂತರ ವಿಮಾನ ಹತ್ತುವವನು ನಾನು. ಹೊರಡುವ ದಿನ ಆ ಗಡ್ಡದ ಹಿರಿಯನ ಮುಖವಿರುವ ಒಂದು ನಾಣ್ಯವನ್ನು ಅವನ ಕಾರಿನ ಬೂದಿಬಟ್ಟಲಿನಲ್ಲಿ ಇಟ್ಟೆ. ಗೂಡು ಇರುವ ತಿರುವನ್ನು ಒಂದು ಚೀಟಿಯಲ್ಲಿ ಗುರುತು ಹಾಕಿ ಕೊಟ್ಟೆ.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಅವನಿಂದ ಸಂದೇಶ ಬಂತು. ಹೆಂಡತಿ ಮಕ್ಕಳನ್ನು ಸಮುದ್ರ ತೋರಿಸಲು ಕರೆದುಕೊಂಡು ಹೋಗಿದ್ದನಂತೆ. "ಮಾಮೂ, ಹಾಕಿದೆ. ಜಾಮ್ ಖಾಲಿಯಾಗಿತ್ತು, ಡಬ್ಬಿ ಮಾತ್ರ ಇತ್ತು."

ಜಾಮ್ ತಿಂದವನು ನಾನು. ಬಾಕಿ ತೀರಿಸಿದವನು ಅವನು. ನಾನು ತಿಂದೆನಾ ಎಂದು ಅವನು ಕೇಳಲಿಲ್ಲ.