ಸರತಿಗೆ ಇಟ್ಟ ಕಲ್ಲು

ಅಮೆರಿಕದಲ್ಲಿ ಆನ್‌ಸೈಟ್ ಮುಗಿಸಿ ಬಂದವರನ್ನು ಡಿಸ್ನಿ ವರ್ಲ್ಡ್ ಹೆಂಗಿತ್ತು ಅಂತ ಕೇಳಿ ನೋಡಿ. ಕೋಟೆ ಚೆನ್ನಾಗಿತ್ತು, ರಾತ್ರಿ ಪಟಾಕಿ ಚೆನ್ನಾಗಿತ್ತು ಅಂದ ಮೇಲೆ ಮೂರನೇ ಮಾತು ಕ್ಯೂ ಬಗ್ಗೆಯೇ ಇರುತ್ತೆ. ಮೂರು ನಿಮಿಷದ ರೈಡಿಗೆ ಒಂದೂವರೆ ಗಂಟೆ ನಿಂತ ಕಥೆ. ಹೆಗಲ ಮೇಲೆ ಮಗು, ಕೈಯಲ್ಲಿ ನೀರಿನ ಬಾಟಲಿ, ಮೇಲೆ ಫ್ಲಾರಿಡಾದ ಬಿಸಿಲು.

ಈ ಕ್ಯೂ ತಪ್ಪಿಸೋಕೆ ಅಂತಲೇ ಒಂದು ಸಾಫ್ಟ್‌ವೇರ್ ಇದೆ, ಹೆಸರು ಟೂರಿಂಗ್ ಪ್ಲಾನ್ಸ್. ಡಿಸ್ನಿಯವರದ್ದಲ್ಲ, ಹೊರಗಿನವರದ್ದು. ಅದರ ಹಿಂದಿರುವ ಲೆನ್ ಟೆಸ್ಟಾ ನಮ್ಮ ಹಾಗೇ ಕಂಪ್ಯೂಟರ್ ಓದಿದ ಮನುಷ್ಯ. ನೀವು ಯಾವ ದಿನ ಹೋಗ್ತೀರಿ, ಎಷ್ಟೊತ್ತಿಗೆ ಗೇಟಿನ ಹತ್ತಿರ ಇರ್ತೀರಿ, ಯಾವ ಯಾವ ರೈಡು ಬೇಕು, ಊಟ ಎಷ್ಟೊತ್ತಿಗೆ ಅಂತ ಹೇಳಿದರೆ ಸಾಕು. ಮೊದಲು ಇದಕ್ಕೆ ಹೋಗಿ, ಆಮೇಲೆ ಅದಕ್ಕೆ, ಇದನ್ನು ಸಂಜೆಗೆ ಇಟ್ಟುಕೊಳ್ಳಿ ಅಂತ ಒಂದು ಪಟ್ಟಿ ಕೊಡುತ್ತೆ.

ಕಾಲೇಜಿನಲ್ಲಿ ಟ್ರಾವೆಲಿಂಗ್ ಸೇಲ್ಸ್‌ಮನ್ ಪ್ರಾಬ್ಲಮ್ ಓದಿದವರಿಗೆ ಇದು ಹಳೇ ಸ್ನೇಹಿತ. ಹತ್ತು ರೈಡು ಅಂದರೆ ಅವನ್ನು ಸುತ್ತೋಕೆ 36,28,800 ಕ್ರಮಗಳಿವೆ. ಸಾಲದ್ದಕ್ಕೆ ಇಲ್ಲಿ ‘ದೂರ’ ಅನ್ನೋದು ಗಂಟೆಗಂಟೆಗೂ ಬದಲಾಗುತ್ತೆ. ಬೆಳಗ್ಗೆ ಹತ್ತು ನಿಮಿಷ ಕಾಯಿಸಿದ ರೈಡು ಮಧ್ಯಾಹ್ನ ಎಂಬತ್ತು ನಿಮಿಷ ಕಾಯಿಸುತ್ತೆ. ಹಾಗಾಗಿ ವರ್ಷಗಟ್ಟಲೆ ಕೂಡಿಟ್ಟ ಕಾಯುವ ಸಮಯದ ಲೆಕ್ಕ ಬೇಕು, ಇವತ್ತು ಏನಾಗಬಹುದು ಅನ್ನೋ ಅಂದಾಜು ಬೇಕು. ಬಳಸುವವರೇ ಸಾಲಿನಲ್ಲಿ ನಿಂತು, ಬೋರ್ಡಿನ ಮೇಲೆ ಬರೆದಿದ್ದೆಷ್ಟು, ನಿಜವಾಗಿ ನಿಂತಿದ್ದೆಷ್ಟು ಅಂತ ಅದಕ್ಕೆ ತಿಳಿಸುತ್ತಾರೆ. ಇಂಥ ಕೆಲಸ ನನಗೆ ಸಂಬಳ ಕೊಡದಿದ್ದರೂ ಮಾಡುವಷ್ಟು ಇಷ್ಟ.

ಇದನ್ನು ಟೀಮಿನ ಗೆಳೆಯನೊಬ್ಬನಿಗೆ ಉತ್ಸಾಹದಿಂದ ಹೇಳ್ತಿದ್ದಾಗ ಅವನು ಕಾಫಿ ಕಪ್ ಕೆಳಗಿಟ್ಟು ಕೇಳಿದ: “ಅಷ್ಟೆಲ್ಲಾ ಯಾಕೆ ಮಗಾ? ದುಡ್ಡು ಕೊಟ್ಟರೆ ಬೇರೆ ಲೈನಲ್ಲೇ ಬಿಡ್ತಾರಲ್ಲ. ನೀನು ತಲೆ ಖರ್ಚು ಮಾಡಿ ಮುಂದೆ ಹೋಗ್ತೀಯ, ಅವನು ದುಡ್ಡು ಖರ್ಚು ಮಾಡಿ ಹೋಗ್ತಾನೆ. ಎರಡೂ ಒಂದೇ ತಾನೆ?”

ಆವತ್ತು ನಕ್ಕು ಬಿಟ್ಟೆ. ಆದರೆ ಪ್ರಶ್ನೆ ಮಾತ್ರ ಹಲ್ಲಿಗೆ ಸಿಕ್ಕ ನಾರಿನ ಹಾಗೆ ಉಳಿದುಬಿಟ್ಟಿದೆ. ಎರಡೂ ಒಂದೇನಾ?

ನಮ್ಮ ಊರಲ್ಲಿ ತಿಂಗಳಿಗೊಂದು ಸಲ ಸೊಸೈಟಿಗೆ ಸೀಮೆಎಣ್ಣೆ ಬರೋದು. ಬ್ಯಾರಲ್ಲು ಎಷ್ಟೊತ್ತಿಗೆ ಬರುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಅವ್ವ ಬೆಳಗ್ಗೆ ಐದಕ್ಕೇ ಹೋಗಿ ಸೊಸೈಟಿ ಮುಂದೆ ಒಂದು ಕಲ್ಲಿಟ್ಟು ಬರೋಳು. ಅದರ ಮುಂದೆ ಯಾರದೋ ಹಳೇ ಚಪ್ಪಲಿ, ಹಿಂದೆ ಯಾರದೋ ತೂತು ಬಿದ್ದ ಕ್ಯಾನು. ಮನೆಗೆ ಬಂದು ಹಾಲು ಕರೆದು, ಡೈರಿಗೆ ಹಾಕಿ, ಮುದ್ದೆ ಮಾಡಿ ನಮ್ಮನ್ನು ಸ್ಕೂಲಿಗೆ ಕಳಿಸೋವರೆಗೂ ಆ ಕಲ್ಲು ಅವಳ ಪರವಾಗಿ ನಿಂತಿರೋದು. ಅದನ್ನು ಯಾರೂ ಸರಿಸುತ್ತಿರಲಿಲ್ಲ. ಒಂದು ಮನೆಗೆ ಒಂದೇ ಕಲ್ಲು ಅನ್ನೋದು ಎಲ್ಲೂ ಬರೆದಿರದ ಕಾನೂನು.

1999ರಲ್ಲಿ ಡಿಸ್ನಿ ವರ್ಲ್ಡ್ ಫಾಸ್ಟ್‌ಪಾಸ್ ಅಂತ ಶುರು ಮಾಡಿತಲ್ಲ, ಅದು ಈ ಕಲ್ಲೇ. ರೈಡಿನ ಪಕ್ಕದ ಮಷಿನ್ನಿಗೆ ನಿಮ್ಮ ಟಿಕೆಟ್ ತೂರಿಸಿದರೆ, ಇಂಥ ಗಂಟೆಯೊಳಗೆ ಬನ್ನಿ ಅಂತ ಒಂದು ಚೀಟಿ ಬರೋದು. ಅಲ್ಲಿವರೆಗೆ ನಿಮ್ಮ ಬದಲು ಚೀಟಿ ನಿಂತಿರುತ್ತೆ, ನೀವು ಐಸ್‌ಕ್ರೀಮ್ ತಿನ್ನಬಹುದು. ಪುಕ್ಕಟೆ. ಪಾರ್ಕಿನೊಳಗೆ ಬಂದ ಪ್ರತಿಯೊಬ್ಬರಿಗೂ ಉಂಟು. ಒಂದು ಚೀಟಿ ತಗೊಂಡ ಕೂಡಲೇ ಇನ್ನೊಂದು ಸಿಗೋದಿಲ್ಲ. 2014ರ ಹೊತ್ತಿಗೆ ಅದು ಫೋನಿಗೆ ಬಂತು. ಡಿಸ್ನಿಯ ಹೋಟೆಲಿನಲ್ಲಿ ಉಳಿಯೋರು 60 ದಿನ ಮೊದಲೇ ಕಾದಿರಿಸಬಹುದಿತ್ತು, ಉಳಿದವರು 30 ದಿನ ಮೊದಲು. ಕಲ್ಲಿನಲ್ಲೂ ದೊಡ್ಡದು ಚಿಕ್ಕದು ಶುರುವಾಯ್ತು ಅನ್ನಿ. ಕೋವಿಡ್ಡಿನಲ್ಲಿ ಪಾರ್ಕು ಮುಚ್ಚಿದಾಗ ನಿಂತದ್ದು ಮತ್ತೆ ಹಾಗೇ ಬರಲಿಲ್ಲ. 2021ರ ಅಕ್ಟೋಬರಿನಲ್ಲಿ ಅದರ ಜಾಗಕ್ಕೆ ಜೀನಿ ಪ್ಲಸ್ ಬಂತು, ತಲೆಗೆ ದಿನಕ್ಕೆ 15 ಡಾಲರು. ಆಮೇಲೆ ದಿನಕ್ಕೊಂದು ರೇಟು. 2024ರಲ್ಲಿ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಅಂತ ಹೆಸರೂ ಬದಲಾಯ್ತು. ಈಗ ಕಲ್ಲು ಇಡಬೇಕಾದರೆ ಕಲ್ಲಿಗೇ ದುಡ್ಡು.

ದುಡ್ಡಿಗೆ ಬೇಗ ಸಿಗೋದು ಹೊಸದೇನಲ್ಲ. ಬಿಡದಿಯ ವಂಡರ್‌ಲಾದಲ್ಲಿ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಉಂಟು, ತಿರುಪತಿಯಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನ ಉಂಟು. ನಾವೆಲ್ಲ ತಗೊಂಡೇ ಇರ್ತೀವಿ. ಆದ್ದರಿಂದ ದುಡ್ಡು ಕೆಟ್ಟದ್ದು ಅಂತ ಹೇಳಿ ಕೈತೊಳೆದುಕೊಂಡರೆ ನನ್ನ ಗೆಳೆಯ ಒಪ್ಪೋದಿಲ್ಲ, ನಾನೂ ಒಪ್ಪೋದಿಲ್ಲ. ಲೆಕ್ಕ ಹಾಕಿಯೇ ನೋಡಬೇಕು.

ಒಂದು ರೈಡು ಗಂಟೆಗೆ 1,000 ಜನರನ್ನು ಕೂರಿಸುತ್ತೆ ಅಂದುಕೊಳ್ಳಿ. ನಿಮ್ಮ ಮುಂದೆ 1,500 ಜನ ಇದ್ದಾರೆ. ಒಂದೂವರೆ ಗಂಟೆ ಕಾಯಬೇಕು, ಅಷ್ಟೇ. ಈಗ ಅದರಲ್ಲಿ 600 ಸೀಟು ದುಡ್ಡು ಕೊಟ್ಟವರ ಲೈನಿಗೆ ಹೋಯ್ತು ಅನ್ನಿ. ನಿಮ್ಮ ಸಾಲಿಗೆ ಉಳಿಯೋದು 400. ನೀವೀಗ ಮೂರು ಮುಕ್ಕಾಲು ಗಂಟೆ ನಿಲ್ಲಬೇಕು. ಆ ದುಡ್ಡು ಕೊಟ್ಟವರಲ್ಲಿ ಕೆಲವರು ಹೇಗಿದ್ದರೂ ನಿಮಗಿಂತ ಮೊದಲೇ ಬಂದು ಮುಂದೆ ನಿಂತಿರ್ತಿದ್ದರು, ಒಪ್ಪೋಣ. ಆದರೆ ನಿಮಗಿಂತ ಆಮೇಲೆ ಬಂದವರೂ ಇದ್ದಾರಲ್ಲ. ಅವರು ಉಳಿಸಿಕೊಂಡ ಗಂಟೆಗಳು ಎಲ್ಲಿಂದ ಬಂದವು? ರೈಡಿಗೆ ಒಂದು ಸೀಟೂ ಹೆಚ್ಚಾಗಿಲ್ಲ. ಬಂದದ್ದು ನಿಮ್ಮ ಕಾಲುಗಳಿಂದ. ಕಂಪನಿ ಮಾರಿದ್ದು ತನ್ನ ಸಮಯವನ್ನಲ್ಲ, ಸಾಲಿನಲ್ಲಿ ನಿಂತವರ ಸಮಯವನ್ನು. ಅದಕ್ಕೆ ನಿಂತವರ ಒಪ್ಪಿಗೆ ಯಾರೂ ಕೇಳಲಿಲ್ಲ, ಅವರಿಗೆ ಒಂದು ಡಾಲರೂ ಸಿಗಲಿಲ್ಲ.

ಸಾಫ್ಟ್‌ವೇರಿನ ಪಟ್ಟಿ ಹಿಡಿದು ಹೋದವನು ಮಾಡೋದು ಬೇರೆ. ಅವನು ಗೇಟು ತೆಗೆಯೋ ಮೊದಲೇ ಬಂದು ನಿಂತಿರುತ್ತಾನೆ. ಮೊದಲ ಅರ್ಧ ಗಂಟೆ ರೈಡುಗಳು ಖಾಲಿ ಸೀಟು ಹೊತ್ತು ಸುತ್ತುತ್ತಿರುತ್ತವೆ, ಅದರಲ್ಲಿ ಕೂರುತ್ತಾನೆ. ಅವನು ಕೂರದಿದ್ದರೆ ಆ ಸೀಟು ಯಾರಿಗೂ ಸಿಗದೆ ಹಾಳಾಗುತ್ತಿತ್ತು. ಅದಕ್ಕಿಂತ ಮುಖ್ಯ, ಮಧ್ಯಾಹ್ನದ ಸಾಲಿನಲ್ಲಿ ಅವನು ಇಲ್ಲ. ಅವನ ಪ್ಲ್ಯಾನಿಂಗಿನ ಗಂಧಗಾಳಿಯೂ ಗೊತ್ತಿಲ್ಲದೆ ಹನ್ನೆರಡಕ್ಕೆ ಬಂದು ನಿಂತವನಿಗೂ ಮುಂದೆ ಒಂದು ತಲೆ ಕಮ್ಮಿ. ಸರ್ವರ್ ಮೇಲಿನ ಲೋಡನ್ನು ರಾತ್ರಿಗೆ ತಳ್ಳಿದ ಹಾಗೆ. ತಲೆ ಖರ್ಚು ಮಾಡೋದಕ್ಕೂ ದುಡ್ಡು ಖರ್ಚು ಮಾಡೋದಕ್ಕೂ ನನಗೆ ಕಾಣೋ ವ್ಯತ್ಯಾಸ ಇದೇ.

ಹಾಗಂತ ಸಾಫ್ಟ್‌ವೇರ್ ಬಳಸೋದು ಪರಮ ಪುಣ್ಯ ಅಂತ ನಾನು ಹೇಳ್ತಿಲ್ಲ. ಅದಕ್ಕೂ ಚಂದಾ ಇದೆ, ಇಂಗ್ಲಿಷ್ ಬೇಕು, ಕೈಯಲ್ಲಿ ಚಾರ್ಜ್ ಇರೋ ಫೋನು ಬೇಕು, ತಿಂಗಳು ಮೊದಲೇ ಕೂತು ಯೋಚಿಸುವ ಪುರುಸೊತ್ತು ಬೇಕು. ವರ್ಷಗಟ್ಟಲೆ ದುಡ್ಡು ಕೂಡಿಟ್ಟು, ಹಿಂದಿನ ರಾತ್ರಿಯ ಶಿಫ್ಟ್ ಮುಗಿಸಿ, ಹನ್ನೊಂದಕ್ಕೆ ಮಕ್ಕಳನ್ನು ಕರಕೊಂಡು ಬರೋ ಅಪ್ಪನಿಗೆ ‘ಗೇಟಿಗೆ ಎಂಟೂಕಾಲಿಗೆ ಇರಬೇಕಿತ್ತು ಸ್ವಾಮಿ’ ಅನ್ನೋದು ಸುಲಭ. ಜಾಣತನವನ್ನು ಯೋಗ್ಯತೆ ಅಂದುಕೊಳ್ಳೋ ಚಾಳಿ ನಮ್ಮ ಇಂಜಿನಿಯರ್ ಜಾತಿಗೆ ಸ್ವಲ್ಪ ಜಾಸ್ತಿಯೇ ಇದೆ.

ಆದರೂ ಗೊತ್ತಿರೋದಕ್ಕೆ ಒಂದು ಗುಣ ಇದೆ, ಅದನ್ನು ಹೇಳಬಹುದು. ಸೀಮೆಎಣ್ಣೆ ಮುಗಿಯೋದಿಲ್ಲ, ಮಾರನೇ ದಿನ ಮಧ್ಯಾಹ್ನ ಹೋದರೂ ಸಿಗುತ್ತೆ, ಆಗ ಸಾಲೇ ಇರೋದಿಲ್ಲ ಅಂತ ಅವ್ವನಿಗೆ ಒಂದೆರಡು ತಿಂಗಳಲ್ಲಿ ಗೊತ್ತಾಯ್ತು. ಪಕ್ಕದ ಮನೆಯವರಿಗೂ ಹೇಳಿದಳು. ಹೇಳಿದ್ದರಿಂದ ಅವಳ ಪಾಲು ಒಂದು ಲೋಟವೂ ಕಮ್ಮಿಯಾಗಲಿಲ್ಲ, ಬೆಳಗಿನ ಸಾಲು ಗಿಡ್ಡವಾಯ್ತು. ಊರಿಗೆಲ್ಲ ಗೊತ್ತಾದರೆ ಮಧ್ಯಾಹ್ನವೂ ಸಾಲು ಬೆಳೆಯುತ್ತೆ, ನಿಜ. ಬೆಳೆದರೂ ಎರಡು ದಿನಕ್ಕೆ ಹರಡಿದ ಸಾಲು ಅದು. ಪಾಸಿನ ಕಥೆ ಹಾಗಲ್ಲ, ಎಲ್ಲರ ಕೈಯಲ್ಲೂ ಪಾಸು ಬಂದರೆ ಯಾರ ಕೈಯಲ್ಲೂ ಪಾಸಿಲ್ಲದ ಹಾಗೆ. ಯಾರಾದರೂ ನಿಂತಿದ್ದರೆ ಮಾತ್ರ ಅದಕ್ಕೆ ಬೆಲೆ.

ಸೊಸೈಟಿಯ ಸಾಲಿಗೆ ಬರದ ಒಂದು ಮನೆಯೂ ಇತ್ತು. ಊರ ದೊಡ್ಡ ಮನೆ. ಅವರ ಆಳು ಎರಡು ಕ್ಯಾನು ಹಿಡಿದು ಹಿತ್ತಲ ಬಾಗಿಲಿಂದ ಹೋಗಿ ತುಂಬಿಸಿಕೊಂಡು ಬರೋನು. ಮುಂದಿನ ಬಾಗಿಲಲ್ಲಿ ನಿಂತವರಿಗೆ ಅದು ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಹಿತ್ತಲಿಂದಲೇ ಯಾಕೆ ಹೋಗ್ತಿದ್ದ ಅಂತ ನನಗೆ ಅರ್ಥವಾಗಿದ್ದು ಮೈಕಲ್ ಸ್ಯಾಂಡೆಲ್ 2012ರಲ್ಲಿ ಬರೆದ ‘ವಾಟ್ ಮನಿ ಕಾಂಟ್ ಬೈ’ ಓದಿದಾಗ. ಕೆಲವು ಪಾರ್ಕುಗಳು ಹೆಚ್ಚು ದುಡ್ಡು ಕೊಟ್ಟವರನ್ನು ಬೇರೆಯವರ ಕಣ್ಣಿಗೆ ಬೀಳದಂತೆ ಹಿಂಬಾಗಿಲಿಂದ ಒಳಗೆ ಬಿಡುತ್ತವೆ ಅಂತ ಅವರು ಬರೀತಾರೆ. ಮಾರೋದರಲ್ಲಿ ತಪ್ಪೇ ಇಲ್ಲ ಅಂದಮೇಲೆ ಈ ಮುಚ್ಚುಮರೆ ಯಾಕೆ?

ಅದೇ ಸಾಲಿನಲ್ಲಿ ಇನ್ನೂ ಒಂದು ನಡೀತಿತ್ತು. ಬಸುರಿ ಹೆಂಗಸೋ, ಕೋಲೂರಿಕೊಂಡು ಬಂದ ಮುದುಕನೋ ಬಂದರೆ ‘ನೀ ಹೋಗವ್ವ ಮುಂದೆ’, ‘ಬಿಡ್ರೋ ತಾತನ್ನ’ ಅಂತ ಸಾಲೇ ದಾರಿ ಬಿಡೋದು. ಸರತಿ ನಿಂತವರದ್ದು, ಅದನ್ನು ಬಿಟ್ಟುಕೊಡೋ ಹಕ್ಕೂ ನಿಂತವರದ್ದೇ. ಸಾವಿರಾರು ಅಪರಿಚಿತರು ಸೇರೋ ಜಾಗದಲ್ಲಿ ಇದನ್ನು ಕಾರ್ಡು, ನಿಯಮ ಅಂತ ಮಾಡಲೇಬೇಕಾಗುತ್ತೆ. ಮಾಡಿದ ಮೇಲೆ ಏನಾಗುತ್ತೆ ಅನ್ನೋದಕ್ಕೆ 2013 ನೆನಪಿಸಿಕೊಳ್ಳಿ. ನ್ಯೂಯಾರ್ಕಿನ ಕೆಲವು ಸಿರಿವಂತರು ಅಂಗವಿಕಲರನ್ನು ಬಾಡಿಗೆಗೆ ಕರಕೊಂಡು ಹೋಗಿ ಡಿಸ್ನಿಯ ಸಾಲು ದಾಟುತ್ತಿದ್ದಾರೆ ಅಂತ ಪತ್ರಿಕೆಯಲ್ಲಿ ಬಂತು. ಆ ವರ್ಷದ ಅಕ್ಟೋಬರಿನಲ್ಲಿ ಡಿಸ್ನಿ ಹಳೇ ಕಾರ್ಡು ತೆಗೆದು ಹೊಸ ವ್ಯವಸ್ಥೆ ತಂತು. ನೇರ ಮುಂದೆ ಬಿಡೋದು ನಿಂತು, ಎಷ್ಟೊತ್ತಿಗೆ ಬರಬೇಕು ಅಂತ ಸಮಯ ಕೊಡೋದು ಶುರುವಾಯ್ತು. ನಿಜಕ್ಕೂ ಕಾಯೋಕಾಗದ ಮಕ್ಕಳ ಅಪ್ಪ ಅಮ್ಮಂದಿರು ಇದರಿಂದ ನಮಗೆ ಕಷ್ಟ ಅಂತ ದೂರಿದರು. ಕೊಂಡುಕೊಳ್ಳೋಕೆ ಆಗದ್ದನ್ನೂ ಕೊಳ್ಳೋಕೆ ಹೋದವರ ದೆಸೆಯಿಂದ ಬೇಕಾದವರ ಪಾಲು ಕಮ್ಮಿಯಾಯ್ತು.

ಆವತ್ತು ಕಾಫಿ ಕಪ್ ಕೆಳಗಿಟ್ಟ ಗೆಳೆಯ ಈಗ ಅಮೆರಿಕದಲ್ಲಿದ್ದಾನೆ. ಅಪ್ಪ ಅಮ್ಮನನ್ನು ಕರೆಸಿಕೊಂಡಿದ್ದ, ಫ್ಲಾರಿಡಾಕ್ಕೆ ಹೊರಟಿದ್ದ. ಫೋನ್ ಮಾಡಿ, “ಈಗ ಹೇಳು, ನಿನ್ನ ಪ್ಲ್ಯಾನ್ ಮಾಡಿಕೊಳ್ಳಲೋ, ಪಾಸ್ ತಗೊಳ್ಳಲೋ?” ಅಂದ. ನಾನು ಮೇಲಿನದ್ದನ್ನೆಲ್ಲ ಹೇಳಿದೆ. ಸಮಾಧಾನವಾಗಿ ಕೇಳಿಸಿಕೊಂಡು, “ಅಪ್ಪನಿಗೆ ಮಂಡಿ ನೋವು ಕಣೋ. ಹೊಲದಲ್ಲಿ ಬಗ್ಗಿ ಬಗ್ಗಿ ಸವೆದಿರೋದು. ಅಲ್ಲಿ ಯಾರು ಬಿಡ್ರೋ ತಾತನ್ನ ಅಂತಾರೆ?” ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಎರಡನ್ನೂ ತಗೊಂಡ. ಬೆಳಗ್ಗೆ ಎಂಟಕ್ಕೇ ಹೋಗಿ ಆರು ರೈಡು ಮುಗಿಸಿದರಂತೆ. ಹನ್ನೊಂದರ ಮೇಲೆ ಅಪ್ಪ ಒಂದು ಮರದ ನೆರಳಿನ ಬೆಂಚು ಹಿಡಿದು ಕೂತು, ನೀವು ಹೋಗಿ ಬನ್ನಿ, ನಾನು ಜನ ನೋಡ್ತಾ ಕೂತಿರ್ತೀನಿ ಅಂದರಂತೆ. ಅವರ ಪಾಸಿನಲ್ಲಿ ಮೂರು ರೈಡು ಬಳಸದೆ ಉಳಿದವು, ದುಡ್ಡು ವಾಪಸ್ ಕೊಡೋದಿಲ್ಲ ಅಂತ ಗೆಳೆಯ ಇನ್ನೂ ಬೈಕೊಳ್ತಿದ್ದಾನೆ.