ಕಟ್ಟಿದವರ ದೋಷವು ಕಟ್ಟಡಕ್ಕುಂಟೆ?

ಶ್ರೀರಂಗಪಟ್ಟಣದಲ್ಲಿ ಕೋಟೆಯ ಗೋಡೆಯೊಡೆದ ಸ್ಥಳದ ಸಮೀಪದಲ್ಲಿ ಒಂದು ಕಲ್ಲಿನ ಸ್ತಂಭವಿರುವುದು. 1799ನೆಯ ಇಸವಿ ಮೇ ತಿಂಗಳು 4ನೆಯ ತಾರೀಖು ಆ ಬಿರುಕಿನಿಂದ ಒಳಕ್ಕೆ ನುಗ್ಗಿದ ಕುಂಪಣಿಯ ಸೈನ್ಯದಲ್ಲಿ ಮಡಿದವರ ನೆನಪಿಗಾಗಿ ಅದನ್ನು ನಿಲ್ಲಿಸಿರುವರು. ನಿಲ್ಲಿಸಿದವರು ಇಂಗ್ಲಿಷರಲ್ಲ, 1907ರಲ್ಲಿ ಮೈಸೂರು ಸರ್ಕಾರದವರು. ಕೆಲವು ತಿಂಗಳ ಹಿಂದೆ ಮನೆಯ ಮಕ್ಕಳೊಡನೆ ಅಲ್ಲಿಗೆ ಹೋಗಿದ್ದಾಗ ಅವರಲ್ಲೊಬ್ಬ ಹುಡುಗನು, “ನಮ್ಮ ಊರನ್ನು ಗೆದ್ದವರಿಗೆ ನಾವೇ ಏಕೆ ಕಲ್ಲು ನೆಟ್ಟೆವು? ಇದನ್ನು ಇನ್ನೂ ಏಕೆ ಕಿತ್ತುಹಾಕಿಲ್ಲ?” ಎಂದು ಕೇಳಿದನು. ಬಿಸಿಲೇರುತ್ತಿತ್ತು, ಏನೋ ಒಂದು ಸಮಾಧಾನವನ್ನು ಹೇಳಿ ಅವನನ್ನು ಮುಂದಕ್ಕೆ ಕರೆದುಕೊಂಡು ಹೋದೆನು. ಆ ಸಮಾಧಾನವು ಅವನಿಗೆ ಒಪ್ಪಿತೋ ಇಲ್ಲವೋ ಅರಿಯೆನು, ನನಗಂತೂ ಒಪ್ಪಲಿಲ್ಲ. ಈ ಬರಹವು ಅವನಿಗೆ ಸಲ್ಲಬೇಕಾದ ಬಾಕಿಯ ಸಂದಾಯವೆಂದು ವಾಚಕರು ಭಾವಿಸಬಹುದು.

ಮೈಸೂರು ಸೀಮೆಯಲ್ಲಿ ಇಂಗ್ಲಿಷರ ಕಾಲದ ಕಟ್ಟಡಗಳು ಹೇರಳವಾಗಿರುವುವಾದರೂ ಅವುಗಳಲ್ಲಿ ಬಹು ಹಳೆಯವು ಎಂದು ಎಣಿಸತಕ್ಕವು ಕೆಲವೇ. ಅವುಗಳಲ್ಲಿ ಮುಖ್ಯವಾದುವು ಶ್ರೀರಂಗಪಟ್ಟಣಕ್ಕೂ ಮೈಸೂರಿಗೂ ನಡುವೆ ಒಂದು ಹಗಲಿನಲ್ಲಿ ನೋಡಿ ಮುಗಿಸುವಷ್ಟು ಹತ್ತಿರದಲ್ಲಿಯೇ ಇರುವುವು. ಪಟ್ಟಣವು ಬಿದ್ದ ಮೇಲೆ ಅಲ್ಲಿಯ ಸೇನೆಯ ಆಧಿಪತ್ಯವನ್ನು ವಹಿಸಿಕೊಂಡು, ಮುಂದೆ 1815ರಲ್ಲಿ ವಾಟರ್ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಗೆದ್ದು ಜಗತ್ಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿಯು ಮೈಸೂರಿನಲ್ಲಿ ವಾಸವಾಗಿದ್ದ ವೆಲಿಂಗ್ಟನ್ ಲಾಡ್ಜ್ ಎಂಬ ಮನೆ; ಅದರ ತರುವಾಯ ರೆಸಿಡೆಂಟರ ವಸತಿಗಾಗಿ ಕಟ್ಟಿದ, ಈಗ ಗವರ್ನ್‌ಮೆಂಟ್ ಹೌಸ್ ಎನಿಸಿಕೊಂಡಿರುವ ಭವನ; ಪಟ್ಟಣದ ಹೊಳೆಯ ಮೇಲಣ ವೆಲ್ಲೆಸ್ಲಿ ಸೇತುವೆ; ದಂಡಿನವರ ಸ್ಮಶಾನ. ವೆಲಿಂಗ್ಟನ್ ಲಾಡ್ಜನ್ನು ನೋಡಿದವರಿಗೆ ಇಷ್ಟು ದೊಡ್ಡ ಹೆಸರಿಗೆ ಇಷ್ಟು ಸಾದಾ ಮನೆಯೇ ಎಂದು ಆಶ್ಚರ್ಯವಾಗುವುದು. ಬೆಡಗು ಬಿನ್ನಾಣಗಳೊಂದೂ ಇಲ್ಲ. ಗೆದ್ದ ಹೊಸದರಲ್ಲಿ ಅವರಿಗೆ ಸೂರು ಬೇಕಾಗಿದ್ದಿತು. ಠೀವಿಯು ಆಮೇಲೆ ಬಂದಿತು.

ಇಂತಹ ಕಟ್ಟಡಗಳ ವಿಷಯದಲ್ಲಿ ನಮ್ಮವರ ಅಭಿಪ್ರಾಯವು ಎರಡು ಬಗೆಯಾಗಿರುವುದು. ಇವು ದಾಸ್ಯದ ಗುರುತುಗಳು, ಇವು ನಿಂತಿರುವವರೆಗೂ ನಮ್ಮ ಬೆನ್ನು ನೆಟ್ಟಗಾಗದು ಎನ್ನುವವರು ಒಂದು ಪಕ್ಷ. ಅಂದವಾಗಿವೆ, ಗಟ್ಟಿಯಾಗಿವೆ, ಇರಲಿ ಬಿಡಿ ಎನ್ನುವವರು ಮತ್ತೊಂದು ಪಕ್ಷ. ಮೊದಲನೆಯವರ ಮಾತಿನಲ್ಲಿ ಒಂದು ನೋವಾದರೂ ಇದೆ; ಎರಡನೆಯವರ ಮಾತಿನಲ್ಲಿ ಬರಿಯ ಸೋಮಾರಿತನವಿರುವುದೆಂದು ನನ್ನ ಶಂಕೆ. ಅಂತು ಇಬ್ಬರೂ ಬಿಟ್ಟುಬಿಟ್ಟ ಪ್ರಶ್ನೆ ಒಂದಿರುವುದು. ಅನ್ಯಾಯವು ಮಾಡಿದವನಲ್ಲಿರುವುದೋ, ಮಾಡಿದ ವಸ್ತುವಿಗೂ ಅಂಟಿಕೊಳ್ಳುವುದೋ?

ಕಲ್ಲನ್ನೇ ಕೇಳಿನೋಡೋಣ. ಟಿಪ್ಪು ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಸಮೀಪದ ದಿಣ್ಣೆಯೊಂದಕ್ಕೆ ಸಾಗಿಸಿ, ಅಲ್ಲಿ ನಜರ್‌ಬಾದ್ ಎಂಬ ಹೊಸ ಕೋಟೆಯನ್ನು ಕಟ್ಟತೊಡಗಿದನು. ಅವನು ಅಳಿದ ಮೇಲೆ ಅವೇ ಕಲ್ಲುಗಳನ್ನು ತಿರುಗಿ ಹೊತ್ತು ತಂದು ಮೈಸೂರನ್ನು ಕಟ್ಟಿದರು. ಅದೇ ಕಲ್ಲು; ಬಹುಶಃ ಹೊತ್ತವರಲ್ಲಿ ಕೆಲವರು ಅವರೇ. ಇನ್ನೊಂದು ಸಂಗತಿಯು ಇದಕ್ಕಿಂತಲೂ ವಿಚಿತ್ರವಾದುದು. ಪಟ್ಟಣದ ರಂಗನಾಥಸ್ವಾಮಿಯ ಗುಡಿಯ ಹತ್ತಿರ ಟಿಪ್ಪುವಿನ ಲಾಲ್ ಮಹಲ್ ಅರಮನೆಯಿದ್ದಿತು. ಈಗ ಅಲ್ಲಿ ಉಳಿದಿರುವುದು ಅಡಿಪಾಯ ಮಾತ್ರ. ಅದನ್ನು ಇಂಗ್ಲಿಷರು ಕೆಡವಿಸಿದರು. ಅದರ ಮರಮುಟ್ಟುಗಳು ನೀಲಗಿರಿಯನ್ನೇರಿ ಉದಕಮಂಡಲದಲ್ಲಿ 1830ರಲ್ಲಿ ಪ್ರತಿಷ್ಠಿತವಾದ ಸೇಂಟ್ ಸ್ಟೀಫನ್ಸ್ ಇಗರ್ಜಿಯ ತೊಲೆಗಳಾದುವು. ಆ ಬೆಟ್ಟದ ಊರಿನ ಅತ್ಯಂತ ಹಳೆಯ ಇಗರ್ಜಿ ಅದು. ಸುಲ್ತಾನನ ನೆತ್ತಿಯ ಮೇಲಿದ್ದ ತೊಲೆಯು ಅವನ ವೈರಿಗಳ ಪ್ರಾರ್ಥನೆಗೆ ನೆರಳಾಯಿತು. ಈಗ ಅದರ ಕೆಳಗೆ ಕುಳಿತು ದೇವರನ್ನು ನೆನೆಯುವವರಲ್ಲಿ ಹೆಚ್ಚಿನವರು ಆ ನಾಡಿನ ಜನರೇ. ಆ ತೊಲೆಯು ಸೂರೆಯ ಮಾಲೆಂಬುದು ನಿಜ. ಅದನ್ನು ಇಳಿಸಿ ತಂದರೆ ಯಾರಿಗೆ ಒಪ್ಪಿಸುವುದು? ಅರಮನೆಯಿಲ್ಲ, ಅರಸನಿಲ್ಲ. ಇಗರ್ಜಿಯ ಮಾಡು ಕುಸಿಯುವುದಷ್ಟೇ ಲಾಭ.

ಸೇತುವೆಯ ಕತೆಯೂ ಕೇಳತಕ್ಕದ್ದು. ಅದಕ್ಕೆ ಹೆಸರು ಆಗಿನ ಗವರ್ನರ್ ಜನರಲ್, ಆರ್ಥರನ ಅಣ್ಣ, ಮಾರ್ಕ್ವಿಸ್ ವೆಲ್ಲೆಸ್ಲಿಯದು. 1804ರಲ್ಲಿ ಕಟ್ಟಿಸಿದವರಾದರೋ ದಿವಾನ್ ಪೂರ್ಣಯ್ಯನವರು. ಕಟ್ಟಿದ ರೀತಿಯು ಕೇವಲ ನಮ್ಮ ನಾಡಿನದು: ಕಲ್ಲುಕಂಬ, ಅದರ ಮೇಲೆ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ. ದೇವಸ್ಥಾನದ ಮಂಟಪವನ್ನು ಎಬ್ಬಿಸುವ ಕೈಗಳೇ ಅದನ್ನು ಎಬ್ಬಿಸಿರುವುವೆಂದು ನೋಡಿದೊಡನೆ ತಿಳಿಯುವುದು. 1924ರ ಮಹಾಪೂರವನ್ನೂ ಕಂಡು ಅದು ಇನ್ನೂ ನಿಂತಿರುವುದು. ಇದನ್ನು ಯಾರ ಸೇತುವೆಯೆಂದು ಹೇಳೋಣ? ಹೆಸರಿನವನ ಕೈಗೆ ಸುಣ್ಣ ಅಂಟಲಿಲ್ಲ. ಪೂರ್ಣಯ್ಯನವರನ್ನಾದರೂ ಯಾವ ಪಕ್ಷದವರೆನ್ನುವುದು? ಹೈದರನಿಗೂ ಟಿಪ್ಪುವಿಗೂ ಮಂತ್ರಿಯಾಗಿದ್ದು, ಅನಂತರ ಐದು ವಯಸ್ಸಿನ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ರಾಜ್ಯಭಾರ ಮಾಡಿದವರು ಅವರು. 1799ನೆಯ ಇಸವಿಯು ಒಂದು ಮನೆತನಕ್ಕೆ ಪತನ. ಮತ್ತೊಂದು ಮನೆತನಕ್ಕೆ ಪುನಃಪ್ರಾಪ್ತಿ. ಗೆದ್ದವರಿಗೆ ಮೈಸೂರು ಸರ್ಕಾರವು ಸ್ತಂಭವನ್ನೇಕೆ ನಿಲ್ಲಿಸಿತೆಂಬ ಆ ಹುಡುಗನ ಪ್ರಶ್ನೆಗೆ ಅರ್ಧ ಉತ್ತರವು ಇಲ್ಲಿಯೇ ಇದೆ. ಅವನು ‘ನಾವು’ ಎಂದ ಮಾತು ಅವನು ತಿಳಿದಷ್ಟು ಸರಳವಾದುದಲ್ಲ.

ಇಷ್ಟಕ್ಕೇ ಮುಗಿಸಿದರೆ ನಾನೂ ಎರಡನೆಯ ಪಕ್ಷದ ಸೋಮಾರಿಗಳೊಡನೆ ಸೇರಿದಂತಾಗುವುದು. ಏಕೆಂದರೆ ಒಂದು ಆಕ್ಷೇಪಣೆಯು ಬಲವಾದುದು. ಕಟ್ಟಡವೆಂದರೆ ಬರಿಯ ಕಲ್ಲು ಸುಣ್ಣವಲ್ಲ. ಅದರೊಳಗೆ ಒಂದು ಸಂಕಲ್ಪವಿರುವುದು. ರೆಸಿಡೆಂಟರ ಭವನವನ್ನು ನೋಡಿರಿ. ಅದಕ್ಕೆ ಡಿ ಹ್ಯಾವಿಲೆಂಡ್ ಎಂಬ ಸೇನಾ ಇಂಜಿನಿಯರನು ಕೂಡಿಸಿದ ಭೋಜನಶಾಲೆಯಲ್ಲಿ ನಡುವೆ ಒಂದು ಕಂಬವೂ ಇಲ್ಲ. ಅಷ್ಟು ವಿಶಾಲವಾದ ಕೋಣೆಯನ್ನು ಊಟಕ್ಕಾಗಿ ಮಾತ್ರವೇ ಕಟ್ಟಿದರೆಂದು ನಂಬುವುದು ಕಷ್ಟ. ಒಳಗೆ ಬಂದವನು ತಾನು ಸಣ್ಣವನೆಂದು ಅರಿಯಬೇಕು. ಅದೂ ಅದರ ಕೆಲಸ. 1831ರಲ್ಲಿ ಮುಮ್ಮಡಿಯವರ ಕೈಯಿಂದ ಆಡಳಿತವನ್ನು ಕಿತ್ತುಕೊಂಡರು. ಅದು ಮರಳಿ ಅರಸರ ಮನೆತನಕ್ಕೆ ಬಂದುದು ಐವತ್ತು ವರ್ಷಗಳ ಮೇಲೆ, 1881ರಲ್ಲಿ. ಇಂತಹ ಸರ್ಕಾರದ ಪ್ರತಿನಿಧಿಗೆ ಕಟ್ಟಿದ ಮನೆಯು ಆ ಸಂಕಲ್ಪದಿಂದ ಬೇರೆಯೆಂದು ಹೇಳಿದರೆ ಆತ್ಮವಂಚನೆಯಾಗುವುದು.

ಸಂಕಲ್ಪಕ್ಕೆ ಆಯುಸ್ಸು ಎಷ್ಟು ಎಂಬುದೇ ಈಗಿನ ವಿಚಾರ. ನಮ್ಮ ಮನೆಗಳಲ್ಲಿ ಭಾದ್ರಪದದಲ್ಲಿ ಮಣ್ಣಿನ ಗಣಪತಿಯನ್ನು ತಂದು ಪ್ರಾಣಪ್ರತಿಷ್ಠೆ ಮಾಡುವೆವು. ಅಂದಿನಿಂದ ಅದು ಮಣ್ಣಲ್ಲ. ವಿಸರ್ಜನೆಯ ಮಂತ್ರವಾದ ಮೇಲೆ ಅದು ದೇವರಲ್ಲ, ಮಣ್ಣು. ಆದರೆ ಮರೆತುಬಿಡುವುದು ವಿಸರ್ಜನೆಯಲ್ಲ. ಮೂಲೆಯಲ್ಲಿ ಧೂಳು ಹಿಡಿದು ಕುಳಿತ ವಿಗ್ರಹವನ್ನು ಕಂಡರೆ ಮನೆಯ ಹಿರಿಯರು ಗದರಿಸುವರು. ವಿಸರ್ಜನೆಯು ತಿಳಿದು ಮಾಡತಕ್ಕ ಕಾರ್ಯ. ಪರರ ಆಳ್ವಿಕೆಯ ಕಟ್ಟಡಗಳಿಗೂ ಇದನ್ನು ಅನ್ವಯಿಸಬಹುದೆಂದು ನನಗೆ ತೋರುವುದು. ರೆಸಿಡೆಂಟರ ಭವನವು ನಮ್ಮ ಸರ್ಕಾರದ ಅತಿಥಿಗೃಹವಾದಾಗ, ವೆಲಿಂಗ್ಟನ್ ಲಾಡ್ಜಿನಲ್ಲಿ ಈ ದೇಶದ ಜನಜೀವನದ ವಸ್ತುಸಂಗ್ರಹಾಲಯವು ನೆಲೆಸಿದಾಗ ಅಷ್ಟರಮಟ್ಟಿಗೆ ವಿಸರ್ಜನೆಯಾಯಿತು. ಅದಕ್ಕೆ ಬದಲಾಗಿ ಅಂತಹ ಮನೆಗಳನ್ನು ಭೋಜನಾಲಯಗಳನ್ನಾಗಿ ಮಾಡಿ, ಗೋಡೆಯ ಮೇಲೆ ದೊರೆಗಳ ಬೇಟೆಯ ಚಿತ್ರಗಳನ್ನು ತೂಗುಹಾಕಿ, ಹಳೆಯ ಕಾಲದ ಸೊಗಸೆಂದು ಹಣ ತೆಗೆದುಕೊಳ್ಳುವುದೂ ಉಂಟು. ಅದು ಪ್ರಾಣವನ್ನು ತಿರುಗಿ ತುಂಬುವ ಕೆಲಸ. ಕೆಡವಬೇಕೆನ್ನುವವರ ಕೋಪವು ನನಗೆ ಪೂರ್ಣವಾಗಿ ಅರ್ಥವಾಗುವುದು ಅಂತಹ ಸ್ಥಳಗಳಲ್ಲಿ.

ಉಪಯೋಗಕ್ಕೆ ಬರುವ ಮನೆಯ ಮಾತು ಹೀಗಾಯಿತು. ನೆನಪಿಗೆಂದೇ ನಿಲ್ಲಿಸಿದ ಕಲ್ಲಿನ ಗತಿಯೇನು? ಅದರಲ್ಲಿ ಆಸ್ಪತ್ರೆಯನ್ನಿಡುವಂತಿಲ್ಲ, ಶಾಲೆಯನ್ನು ನಡೆಸುವಂತಿಲ್ಲ; ಮಾತನಾಡುವುದೊಂದೇ ಅದರ ಉದ್ಯೋಗ. ಈ ಭೇದವು ಬೆಂಗಳೂರಿನಲ್ಲಿ ಸ್ಪಷ್ಟವಾಗಿ ಕಾಣಬಂದಿತು. ಕಮಿಷನರುಗಳ ಆಳ್ವಿಕೆಯಲ್ಲಿ 1868ರಲ್ಲಿ ಮುಗಿದ ಅಠಾರಾ ಕಚೇರಿಯು ನಮ್ಮ ಉಚ್ಚ ನ್ಯಾಯಾಲಯವಾಯಿತು. 1980ರ ದಶಕದಲ್ಲಿ ಅದನ್ನು ಕೆಡವಲು ಹೊರಟಾಗ ಊರಿನ ನಾಗರಿಕರೇ ದಾವೆ ಹೂಡಿದರು, ಕಟ್ಟಡವು ಉಳಿಯಿತು. ಅದೇ ಊರಿನಲ್ಲಿ, 1791ರ ಮುತ್ತಿಗೆಯಲ್ಲಿ ಮಡಿದ ಕಾರ್ನ್‌ವಾಲಿಸನ ಸೈನ್ಯದವರಿಗಾಗಿ ಎತ್ತಿದ್ದ ಸೆನೊಟ್ಯಾಫ್ ಸ್ತಂಭವನ್ನು 1964ರಲ್ಲಿ ಉರುಳಿಸಿಬಿಟ್ಟರು.

ಅದನ್ನು ಉರುಳಿಸಿದ್ದು ಸರಿಯೆಂದೇ ಬಹುಕಾಲ ನಾನು ಭಾವಿಸಿದ್ದೆನು. ಈಗ ಹಾಗೆ ತೋರುವುದಿಲ್ಲ. ಆ ಮುತ್ತಿಗೆಯಲ್ಲಿ ಬೆಂಗಳೂರಿನ ಕೋಟೆಯನ್ನು ಕಾಯ್ದವನು ಬಹದ್ದೂರ್ ಖಾನನೆಂಬ ವೃದ್ಧ ಕಿಲ್ಲೇದಾರನು. ಮಾರ್ಚ್ 21ರ ರಾತ್ರಿ ಅವನು ಹೋರಾಡುತ್ತಲೇ ಬಿದ್ದನು. ವೈರಿಗಳೇ ಅವನ ಶೌರ್ಯವನ್ನು ಮೆಚ್ಚಿದರು. ಮುಂದೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ವಿಲ್ಕ್ಸನು ತನ್ನ ಇತಿಹಾಸದಲ್ಲಿ ಅದನ್ನು ಬರೆದಿಟ್ಟನು. ಕೋಟೆಯು ಸುಲಭವಾಗಿ ಬಿದ್ದಿದ್ದರೆ ಹೊರಗೆ ಅಂತಹ ಸ್ತಂಭವೇ ಏಳುತ್ತಿರಲಿಲ್ಲ. ಶತ್ರುವಿನ ಗೋರಿಯು ಅವನು ತೆತ್ತ ಬೆಲೆಯ ರಸೀತಿ. ಆ ಬೆಲೆಯನ್ನು ತೆರುವಂತೆ ಮಾಡಿದವರು ನಮ್ಮವರು. ಆ ರಸೀತಿಯನ್ನು ನಾವೇ ಹರಿದೆವು. ಹರಿದುದರಿಂದ ಬಹದ್ದೂರ್ ಖಾನನ ಹೆಸರನ್ನು ಬಲ್ಲವರ ಸಂಖ್ಯೆಯು ಹೆಚ್ಚಿತೆಂದು ಯಾರೂ ಹೇಳಲಾರರು.

ಶ್ರೀರಂಗಪಟ್ಟಣದ ದಂಡಿನ ಸ್ಮಶಾನದಲ್ಲಿ ಸುಮಾರು 300 ಗೋರಿಗಳಿರುವುವು. ಅಲ್ಲಿ ಮಲಗಿರುವವರಲ್ಲಿ ಅನೇಕರು ಇಂಗ್ಲಿಷರೂ ಅಲ್ಲ. ಡಿ ಮ್ಯೂರಾನ್ ಎಂಬವನ ಹೆಸರಿನ ಸ್ವಿಸ್ ದಳದವರು. ಆ ದಳವು ಮೊದಲು ಡಚ್ಚರ ಕೂಲಿಗೆ ದುಡಿದು, 1795ರಲ್ಲಿ ಇಂಗ್ಲಿಷರ ಕೂಲಿಗೆ ಬಂದಿತು. ಹಿಮಾಚ್ಛಾದಿತವಾದ ಬೆಟ್ಟಗಳ ಸೀಮೆಯಿಂದ ಹೊರಟು, ಎರಡು ಕುಂಪಣಿಗಳ ಉಪ್ಪನ್ನು ತಿಂದು, ಕಾವೇರಿಯ ದಡದಲ್ಲಿ ಮಣ್ಣಾದವರು. ಅವರ ನಡುವೆ ಹೆಂಗಸರು ಮಕ್ಕಳ ಗೋರಿಗಳೂ ಉಂಟು. ಅಲ್ಲಿ ನಿಂತಾಗ ನನಗೆ ಕೋಪವು ಬರಲಿಲ್ಲ. ಬರಬೇಕೆಂದು ಪ್ರಯತ್ನಿಸಿದೆನೆಂದರೂ ತಪ್ಪಿಲ್ಲ. ಬಂದುದು ಬೇರೊಂದು ಆಲೋಚನೆ. 1799ರ ಆ ಮೇ ತಿಂಗಳ ಮಧ್ಯಾಹ್ನ ಗೋಡೆಯ ಒಳಗಡೆ ಸಾವಿರಾರು ಜನ ಸತ್ತರು. ಸುಲ್ತಾನನಿಗೆ ಗುಂಬಜ್ ಇರುವುದು. ಅವನ ಶವವು ದೊರೆತ ಸ್ಥಳಕ್ಕೂ ಒಂದು ಗುರುತಿನ ಕಲ್ಲಿರುವುದು. ಮಿಕ್ಕವರಿಗೆ? ಅವರ ಹೆಸರುಗಳನ್ನು ಯಾರೂ ಎಲ್ಲಿಯೂ ಕೆತ್ತಿಸಲಿಲ್ಲ. ಇಂಗ್ಲಿಷರ ಕಡೆ ಹೋರಾಡಿದ ನಮ್ಮ ದೇಶದ ಸಿಪಾಯಿಗಳಲ್ಲಿ ಹೆಚ್ಚಿನವರ ಗತಿಯೂ ಅಷ್ಟೇ. ದಡದ ಮೇಲಿರುವ ಕಲ್ಲುಗಳನ್ನು ಕಿತ್ತರೆ ಇಲ್ಲದ ಕಲ್ಲುಗಳು ಬಂದಂತಾಗುವುದೇ? ನಾವು ತೀರಿಸಬೇಕಾದ ಋಣವು ಆ ಹೆಸರಿಲ್ಲದವರದು; ಅದನ್ನು ತೀರಿಸುವುದಕ್ಕೆ ಹಾರೆ ಗುದ್ದಲಿಗಳು ಸಾಲವು.

ಕೆಡವುವುದರ ಮಾತನ್ನೇ ಇಷ್ಟು ಹೊತ್ತು ಆಡಿದೆನು. ನಿಜವಾಗಿ ನಮ್ಮಲ್ಲಿ ಕಟ್ಟಡಗಳು ಸಾಯುವುದು ಹಾಗಲ್ಲ. ಕೆಡವುವವನು ಕಾರಣವನ್ನಾದರೂ ಹೇಳಬೇಕು. ಸಭೆಯಲ್ಲಿ ನಿಂತು ವಾದಿಸಬೇಕು. ಉಪೇಕ್ಷಿಸುವವನು ಯಾರಿಗೂ ಉತ್ತರವಾದಿಯಲ್ಲ. ಗೋಡೆಯ ಬಿರುಕಿನಲ್ಲಿ ಒಂದು ಅರಳಿಯ ಸಸಿ ಮೊಳೆಯುವುದು. ಮಿಕ್ಕ ಕೆಲಸವನ್ನು ಅದೇ ಮಾಡುವುದು. ಡಿ ಹ್ಯಾವಿಲೆಂಡನು 1808ರಲ್ಲಿ ಶ್ರೀರಂಗಪಟ್ಟಣದಲ್ಲಿ ಸುಮಾರು 110 ಅಡಿ ಅಗಲದ ಒಂದು ಇಟ್ಟಿಗೆಯ ಕಮಾನನ್ನು ಕಟ್ಟಿದನು. ಇಷ್ಟು ಚಪ್ಪಟೆಯಾದ ಕಮಾನು ನಿಲ್ಲದೆಂದವರಿಗೆ ನಿಲ್ಲಿಸಿಯೇ ತೋರಿಸುವೆನೆಂಬ ಹಟದಿಂದ ಕಟ್ಟಿದುದು. ಅದರ ನಡುವೆ ನಿಂತು ಕುಣಿದರೆ ಅದೂ ಅದುರುತ್ತಿದ್ದಿತಂತೆ. ಅದರಲ್ಲಿ ದರ್ಪವಿರಲಿಲ್ಲ, ಸೂರೆಯಿರಲಿಲ್ಲ. ಒಂದು ಬುದ್ಧಿಯ ಸಂತೋಷ ಮಾತ್ರವಿದ್ದಿತು. ನೂರು ವರ್ಷಕ್ಕೂ ಮೀರಿ ನಿಂತಿದ್ದು 1930ರ ದಶಕದಲ್ಲಿ ಅದು ಬಿದ್ದುಹೋಯಿತು. ಅದನ್ನು ಯಾವ ದೇಶಾಭಿಮಾನಿಯೂ ಕೆಡವಲಿಲ್ಲ.

ಆ ಹುಡುಗನನ್ನು ಬರುವ ರಜೆಯಲ್ಲಿ ತಿರುಗಿ ಪಟ್ಟಣಕ್ಕೆ ಕರೆದುಕೊಂಡು ಹೋಗಬೇಕೆಂದಿರುವೆನು. ಈ ಸಲ ಸ್ತಂಭಕ್ಕೆ ಮೊದಲು ಹೋಗುವುದಿಲ್ಲ. ಲಾಲ್ ಮಹಲಿನ ಅಡಿಪಾಯವನ್ನು ತೋರಿಸಿ, ಅಲ್ಲಿಂದ ಸುಲ್ತಾನನು ಬಿದ್ದ ಸ್ಥಳಕ್ಕೆ ನಡೆಸಿಕೊಂಡು ಹೋಗಿ, ಸೇತುವೆಯ ಕಂಬಗಳ ಕೆಳಗೆ ಬುತ್ತಿಯನ್ನು ಬಿಚ್ಚಬೇಕು. ಬಿಸಿಲು ಇಳಿದ ಮೇಲೆ ಸ್ತಂಭದ ಬಳಿಗೆ ಹೋಗೋಣ. ಅವನು ಅದೇ ಪ್ರಶ್ನೆಯನ್ನು ಕೇಳಿದರೆ ಈ ಸಲ ಅವಸರಪಡಿಸುವುದಿಲ್ಲ.