ಜಡಭರತನ ತಂದೆ

ಶ್ರೀಮದ್ಭಾಗವತದ ಪಂಚಮಸ್ಕಂಧದ ಜಡಭರತೋಪಾಖ್ಯಾನವನ್ನು ಕೇಳದ ಆಸ್ತಿಕರು ವಿರಳ. ಆದರೆ ಪ್ರವಚನ ಮಾಡುವ ನಾವು ಜಿಂಕೆಯ ಮೋಹವನ್ನು ವಿಸ್ತರಿಸಿ, ಅಲ್ಲಿಂದ ರಹೂಗಣ ರಾಜನ ಪಲ್ಲಕ್ಕಿಯ ಬಳಿಗೆ ಒಮ್ಮೆಲೇ ಧಾವಿಸುತ್ತೇವೆ. ನಡುವೆ ಒಬ್ಬ ತಂದೆ ಇದ್ದಾನೆ. ಅವನ ಹೆಸರನ್ನು ಶುಕಾಚಾರ್ಯರು ಹೇಳುವುದಿಲ್ಲ. ಆಂಗಿರಸ ಗೋತ್ರದ ಸದಾಚಾರಸಂಪನ್ನನಾದ ಬ್ರಾಹ್ಮಣನೆಂದಷ್ಟೇ ಹೇಳುತ್ತಾರೆ. ಅವನ ಮಗನು ಲೋಕದ ಕಣ್ಣಿಗೆ ಹುಚ್ಚನಂತೆ, ಜಡನಂತೆ, ಕುರುಡನಂತೆ, ಕಿವುಡನಂತೆ ತೋರುತ್ತಿದ್ದನು. ಆದರೂ ತಂದೆಯು ಅವನಿಗೆ ಉಪನಯನ ಮಾಡಿದನು, ಶೌಚ ಆಚಮನಾದಿಗಳನ್ನು ಕಲಿಸಿದನು. ವಸಂತ ಗ್ರೀಷ್ಮಗಳ ನಾಲ್ಕು ತಿಂಗಳು ಗಾಯತ್ರಿಯನ್ನು ಹೇಳಿಕೊಟ್ಟರೂ ಮಗನಿಗೆ ಅದು ಸರಿಯಾಗಿ ಬರಲಿಲ್ಲ. ತಂದೆಯು ಬೇಸರಿಸಲಿಲ್ಲ, ಬಿಡಲೂ ಇಲ್ಲ.

ಈ ತಂದೆಯನ್ನು ನಮಗೆ ನೆನಪಿಸಿದವರು ಘಣಸೋಲಿಯ ಒಬ್ಬ ಗೃಹಸ್ಥರು. ಉಡುಪಿ ಸೀಮೆಯಿಂದ ಬಂದು, ಮಹಾಪೆಯ ಕಂಪೆನಿಯೊಂದರಲ್ಲಿ ಉದ್ಯೋಗದಲ್ಲಿರುವವರು. ಆರಾಧನೆಯ ದಿನ ಮಹಾಮಂಗಳಾರತಿಯ ಹೊತ್ತಿಗೆ ಅವರ ಪತ್ನಿಯು ಮಗನನ್ನು ಕರೆದುಕೊಂಡು ಹೊರಗೆ ರಸ್ತೆಯ ಬದಿಗೆ ಹೋಗಿ ನಿಲ್ಲುವುದನ್ನು ನಾವು ಕೆಲವು ವರ್ಷಗಳಿಂದ ಕಂಡಿದ್ದೆವು, ಕಾರಣವನ್ನು ಮಾತ್ರ ಕೇಳಿರಲಿಲ್ಲ. ಒಂದು ಸಂಜೆ ಅವರೇ ಬಂದು ಕೇಳಿದರು: "ಆಚಾರ್ಯರೇ, ಮಾಣಿಗೆ ಹನ್ನೊಂದು ತುಂಬಿತು. ಅವನು ಮಂತ್ರ ಹೇಳಲಾರ. ಉಪನಯನ ಮಾಡುವ ಅಧಿಕಾರ ನಮಗುಂಟೋ?"

ವೈದ್ಯರು ಇದನ್ನು ಆಟಿಸಂ ಎನ್ನುತ್ತಾರೆ. ಅಮೆರಿಕೆಯ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ಗಮನಿಸಿ ಇದರ ಲಕ್ಷಣಗಳನ್ನು ಬರೆದನು. ಕನ್ನಡದಲ್ಲಿ 'ಸ್ವಲೀನತೆ' ಎಂಬ ಪದ ರೂಢಿಯಾಗಿದೆ. ನಮಗದು ಅಷ್ಟು ಒಪ್ಪಿಗೆಯಿಲ್ಲ. ಈ ಬಾಲಕನು ತನ್ನಲ್ಲಿ ತಾನು ಲೀನನಾಗಿಲ್ಲ. ನಮಗಿಂತ ಹೆಚ್ಚಾಗಿಯೇ ಹೊರಗಿನದನ್ನು ಕೇಳುತ್ತಾನೆ, ಕಾಣುತ್ತಾನೆ. ನಮಗೆ ಮಂಗಳಕರವಾದ ಜಾಗಟೆಯ ಧ್ವನಿ ಅವನ ಕಿವಿಗೆ ಸಿಡಿಲು. ಅದಕ್ಕಾಗಿಯೇ ತಾಯಿಯು ಹೊರಗೆ ನಿಲ್ಲುತ್ತಿದ್ದುದು.

ಆ ಮನೆಗೆ ಹೋದಾಗ ನಾವು ದುಃಖವನ್ನೇ ನಿರೀಕ್ಷಿಸಿದ್ದೆವು. ಕಂಡದ್ದು ಬೇರೆ. ಹುಡುಗನಿಗೆ ಮಾತು ಕಡಿಮೆ. ಅವನ ಬಾಯಿಂದ ಸ್ಪಷ್ಟವಾಗಿ ಬಂದ ಮೊದಲ ಮಾತುಗಳು ಮರಾಠಿಯವಂತೆ, ಲೋಕಲ್ ರೈಲಿನ ಪ್ರಕಟಣೆ! ಠಾಣೆಯಿಂದ ವಾಶಿಯವರೆಗೆ ಐರೋಲಿ, ರಬಾಳೆ, ಘಣಸೋಲಿ, ಕೋಪರ್‌ಖೈರಣೆ, ತುರ್ಭೆ, ಸಾನ್‌ಪಾಡಾ ಎಂದು ಪ್ರಕಟಣೆಯದೇ ರಾಗದಲ್ಲಿ ಒಪ್ಪಿಸುತ್ತಿದ್ದನು. 2024ರ ಜನವರಿಯಲ್ಲಿ ಠಾಣೆ ಐರೋಲಿಗಳ ನಡುವೆ ದಿಘಾ ಗಾಂವ್ ಎಂಬ ಹೊಸ ನಿಲ್ದಾಣ ತೆರೆದಾಗ ಎರಡು ದಿನ ಊಟ ಬಿಟ್ಟನು. ಮೂರನೆಯ ದಿನ ಅದನ್ನೂ ಸೇರಿಸಿಕೊಂಡನು. ಇದನ್ನು ಹೇಳುವಾಗ ತಾಯಿಯು ನಕ್ಕ ನಗು ಇನ್ನೂ ನಮ್ಮ ಕಣ್ಣಮುಂದಿದೆ. "ಇವನಿಗೆ ಒಂದರ ಹಿಂದೆ ಒಂದು ಬರುವುದು ಇಷ್ಟ ಅಂತ ಆಗ ಗೊತ್ತಾಯಿತು, ಆಚಾರ್ಯರೇ. ಹಾಗಾದರೆ ಕೇಶವಾದಿ ನಾಮಗಳೂ ನಿಲ್ದಾಣಗಳೇ ಅಲ್ಲವೋ ಎಂದುಕೊಂಡೆ." ಆ ಸಾಧ್ವಿಯು ದಿನಕ್ಕೊಂದು ನಾಮದಂತೆ ಆರಂಭಿಸಿ, ಇಪ್ಪತ್ತನಾಲ್ಕನ್ನೂ ಕಲಿಸಲು ಒಂದು ವರ್ಷಕ್ಕೂ ಮೀರಿ ಶ್ರಮಿಸಿದ್ದರು. ಈಗ ತಂದೆಯು ಆಚಮನದಲ್ಲಿ ಅವಸರಿಸಿ ಒಂದು ನಾಮವನ್ನು ಹಾರಿಸಿದರೆ ಹುಡುಗನು ಕೈ ಹಿಡಿದು ನಿಲ್ಲಿಸುತ್ತಾನೆ, ಮತ್ತೆ ಕೇಶವನಿಂದ ಆರಂಭ!

ಮಡಿ, ನಿತ್ಯಕರ್ಮ, ಹೊತ್ತಿಗೆ ಸರಿಯಾದ ನೈವೇದ್ಯ, ಪಾತ್ರೆ ಪಾತ್ರೆಗೂ ನಿಗದಿಯಾದ ಸ್ಥಾನ, ಇವು ಇಂದಿನ ಮಕ್ಕಳಿಗೆ ಹೊರೆಯಾಗಿ ಕಾಣುತ್ತವೆ. ಕ್ರಮ ತಪ್ಪಿದರೆ ತಳಮಳಿಸುವ ಈ ಹುಡುಗನಿಗೆ ಅದೇ ನೆಮ್ಮದಿ. ಸಹಸ್ರನಾಮಾರ್ಚನೆಗೆ ತುಳಸಿಯ ದಳಗಳನ್ನು ಬಿಡಿಸಿ, ಎಲ್ಲದರ ತೊಟ್ಟನ್ನು ಒಂದೇ ದಿಕ್ಕಿಗೆ ಇಟ್ಟು, ಎಣಿಕೆ ತಪ್ಪದೆ ಹರಿವಾಣದಲ್ಲಿ ಜೋಡಿಸುತ್ತಾನೆ. ನಾವು ಎಣಿಸಿ ನೋಡಿದೆವು, ಅಪನಂಬಿಕೆಯಿಂದಲೇ. ಸಾವಿರ ಇತ್ತು.

ಹೀಗೆಂದ ಮಾತ್ರಕ್ಕೆ ಇಂತಹ ಪ್ರತಿಯೊಂದು ಮಗುವೂ ಜಡಭರತನೇ, ಜ್ಞಾನಿಯೇ ಎಂದು ಕೊಂಡಾಡುವುದು ಸರಿಯಲ್ಲ. ಜಡಭರತನು ಸಂಗಭಯದಿಂದ ಜಡನಂತೆ ನಟಿಸಿದನು. ಈ ಮಕ್ಕಳಲ್ಲಿ ನಟನೆಯಿಲ್ಲ. ರಾತ್ರಿ ಅವನಿಗೆ ನಿದ್ರೆ ಬಾರದಿದ್ದರೆ ಮನೆಯವರಿಗೂ ನಿದ್ರೆಯಿಲ್ಲ, ರೇಗಿದಾಗ ಅವನು ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾನೆ. ಆ ದಂಪತಿಗಳು ಇದನ್ನು ಮುಚ್ಚಿಡಲಿಲ್ಲ, ನಾವೂ ಮುಚ್ಚಿಡುವುದಿಲ್ಲ.

ಆದರೆ ಮಠದ ಆವರಣದಲ್ಲೇ ಅವರು ಕೇಳಿಸಿಕೊಂಡ ಮಾತೊಂದಿದೆ: "ಯಾವ ಜನ್ಮದ ಪಾಪವೋ!" ಪ್ರಾರಬ್ಧವನ್ನು ನಾವು ಒಪ್ಪುತ್ತೇವೆ. ಇನ್ನೊಬ್ಬರ ಪ್ರಾರಬ್ಧವನ್ನು ಓದುವ ಅಪರೋಕ್ಷಜ್ಞಾನವು ಪ್ರಸಾದಕ್ಕೆ ಸಾಲಿನಲ್ಲಿ ನಿಂತವರಿಗೆ ಎಲ್ಲಿಂದ ಬಂತು? ಪಾಶ್ಚಾತ್ಯರೂ ಇದೇ ದೋಷವನ್ನು ಮಾಡಿದರು. ತಾಯಿಯ ಪ್ರೀತಿಯ ಕೊರತೆಯೇ ಕಾರಣವೆಂದು ಬ್ರೂನೋ ಬೆಟಲ್‌ಹೈಮ್ ಎಂಬವನು 1967ರ ತನ್ನ ಗ್ರಂಥದಲ್ಲಿ ಸಾಧಿಸಹೊರಟನು, ಎಷ್ಟೋ ತಾಯಂದಿರು ಆ ಮಾತಿನ ಭಾರವನ್ನು ಹೊತ್ತರು. ಅದಕ್ಕೆ ಮೊದಲೇ, 1964ರಲ್ಲಿ, ಇಂತಹ ಮಗನ ತಂದೆಯೇ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಇದು ಸಾಕಣೆಯ ದೋಷವಲ್ಲ, ಶರೀರಸಂಬಂಧವಾದದ್ದು ಎಂದು ವಾದಿಸಿದ್ದನು. ಇಂದು ವೈದ್ಯಶಾಸ್ತ್ರವು ನಿಂತಿರುವುದು ಅವನ ಪಕ್ಷದಲ್ಲಿ.

ಶ್ರೀಮದಾಚಾರ್ಯರ ಸಿದ್ಧಾಂತವನ್ನು ನಂಬಿದ ನಮಗಂತೂ ಈ ವಿಷಯದಲ್ಲಿ ಗೊಂದಲ ಇರಲಾಗದು. ಪಂಚಭೇದಗಳಲ್ಲಿ ಜೀವ ಜೀವರ ಭೇದವೂ ಒಂದು. ಇಬ್ಬರು ಜೀವರು ಒಂದೇ ಸಮ ಇಲ್ಲ, ಮೋಕ್ಷದಲ್ಲಿಯೂ ಇಲ್ಲ. ಭೇದವು ಸತ್ಯವೆಂದು ವೇದಿಕೆಯಲ್ಲಿ ವಾದಿಸಿ, ನಮ್ಮ ನೆರೆಮನೆಯ ಮಗು ಇತರ ಮಕ್ಕಳಿಂದ ಭಿನ್ನವಾಗಿದ್ದರೆ ಮುಖ ತಿರುಗಿಸುವುದು ಎಂತಹ ಸಿದ್ಧಾಂತನಿಷ್ಠೆ? ಪಲ್ಲಕ್ಕಿಯನ್ನು ಹೊತ್ತ ಜಡಭರತನ ಹೆಜ್ಜೆಯು ಇತರರ ಹೆಜ್ಜೆಗೆ ಹೊಂದಲಿಲ್ಲವಷ್ಟೆ. ಅವನು ಮುಂದೆ ಒಂದು ಬಾಣದಷ್ಟು ದೂರದ ನೆಲವನ್ನು ನೋಡಿ, ಜೀವಿಗಳನ್ನು ತುಳಿಯದಂತೆ ಕಾಲಿಡುತ್ತಿದ್ದನು. ಉಳಿದವರು ಅದನ್ನು ನೋಡುತ್ತಿರಲಿಲ್ಲ. ರಾಜನಿಗೆ ಗೊತ್ತಾದದ್ದು ಪಲ್ಲಕ್ಕಿಯ ಕುಲುಕಾಟ ಮಾತ್ರ.

ಕಥೆಯ ಇನ್ನೊಂದು ಭಾಗವನ್ನು ಆ ಗೃಹಸ್ಥರೇ ನಮ್ಮ ಮುಂದಿಟ್ಟರು. ತಂದೆಯು ತೀರಿಕೊಂಡನು, ತಾಯಿಯೂ ಅವನನ್ನು ಅನುಸರಿಸಿದಳು. ಒಂಬತ್ತು ಮಂದಿ ಅಣ್ಣಂದಿರಿದ್ದರು, ವೇದ ಬಲ್ಲವರು. ಅವರು ತಮ್ಮನಿಗೆ ಕಲಿಸುವುದನ್ನು ಬಿಟ್ಟರು, ಹೊಲ ಕಾಯಲು ಹಚ್ಚಿದರು, ನುಚ್ಚು ತೌಡು ಹಾಕಿದರು. "ನಮ್ಮ ನಂತರ ಇವನಿಗೆ ಯಾರು, ಆಚಾರ್ಯರೇ? ಊರು ದೂರ. ಇಲ್ಲಿ ಅಣ್ಣಂದಿರೂ ಇಲ್ಲ."

ಸುಲಭವಾದ ಸಮಾಧಾನವನ್ನು ನಾವು ಹೇಳಲಿಲ್ಲ. ಸರಕಾರವು ಮಾಡಿರುವುದಿಷ್ಟು: 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಂತೆ, ಇಂತಹ ಮಗುವಿಗೆ ಹದಿನೆಂಟು ತುಂಬಿದ ಮೇಲೆ ಪಾಲಕರನ್ನು ನೇಮಿಸಲು ಜಿಲ್ಲೆಯ ಸ್ಥಾನಿಕ ಸಮಿತಿಗೆ ಅರ್ಜಿ ಕೊಡಬಹುದು. 2016ರ ಕಾಯಿದೆಯು ಆಟಿಸಂ ಅನ್ನು ಇಪ್ಪತ್ತೊಂದು ವಿಧದ ಅಂಗವೈಕಲ್ಯಗಳಲ್ಲಿ ಸೇರಿಸಿದೆ, ಪ್ರಮಾಣಪತ್ರ ಪಡೆಯಲು ಸಂಕೋಚಪಡಬಾರದು. ವಾಶಿಯಲ್ಲಿ ನವಿ ಮುಂಬಯಿ ಮಹಾನಗರಪಾಲಿಕೆಯ ಇಟಿಸಿ ಕೇಂದ್ರವಿದೆ. ಆದರೆ ಅರ್ಜಿಯಲ್ಲಿ ಪಾಲಕರೆಂದು ಹೆಸರು ಬರೆಯಲು ಮನುಷ್ಯರು ಬೇಕು, ಮನುಷ್ಯರು ಮೊದಲು ಆ ಹುಡುಗನನ್ನು ಬಲ್ಲವರಾಗಿರಬೇಕು. ಅವನನ್ನು ರಸ್ತೆಯ ಬದಿಗೆ ಕಳಿಸುತ್ತಿದ್ದರೆ ಯಾರು ಬಲ್ಲರು?

ಇಂತಹ ಉಪನಯನದ ಬಗ್ಗೆ ನಿಬಂಧಕಾರರಲ್ಲಿ ಭಿನ್ನಾಭಿಪ್ರಾಯವಿದೆ. ವಟುವು ಹೇಳಲಾರದ ಮಂತ್ರವನ್ನು ಆಚಾರ್ಯನೇ ಹೇಳುವ ಪಕ್ಷವೂ ಇದೆ. ನಾವು ಆಂಗಿರಸನ ಮಾರ್ಗವನ್ನೇ ಹಿಡಿಯಿರಿ ಎಂದೆವು.

2025ರ ವೈಶಾಖದಲ್ಲಿ ಉಪನಯನ ಜರಗಿತು. ಜಾಗಟೆಯಿಲ್ಲ, ಓಲಗವಿಲ್ಲ, ಒಂದು ಕೈಗಂಟೆ, ಅದೂ ಮೆಲ್ಲಗೆ. ಒಬ್ಬಿಬ್ಬರು ಹಿರಿಯರು ಹುಬ್ಬು ಗಂಟಿಕ್ಕಿದರು. ವಸ್ತ್ರದ ಮರೆಯಲ್ಲಿ ತಂದೆಯು ಮಗನ ಕಿವಿಯಲ್ಲಿ ಉಪದೇಶಿಸಿದರು. ಮಗನು ಏನೂ ಹೇಳಲಿಲ್ಲ. ಮರುದಿನ ಸಂಜೆ ತನ್ನ ಹೊಸ ಪಂಚಪಾತ್ರೆ ಉದ್ಧರಣೆಗಳನ್ನು ತಂದು ತಂದೆಯ ಪಕ್ಕದಲ್ಲಿ ಕುಳಿತನು, ಕೇಶವನಿಂದ ಕೃಷ್ಣನವರೆಗೆ ನಾಮಗಳನ್ನು ಹೇಳಿದನು, ತಂದೆಯು ಅರ್ಘ್ಯ ಬಿಟ್ಟಾಗ ತಾನೂ ಬಿಟ್ಟನು. ಗಾಯತ್ರಿ ಇನ್ನೂ ಬಂದಿಲ್ಲ.

ಉದ್ಯೋಗಕ್ಕೆ ಸೇರಿದ ಮೇಲೆ ತಮ್ಮ ಸಾಯಂಸಂಧ್ಯೆ ನಿಂತೇ ಹೋಗಿತ್ತೆಂದು ಆ ಗೃಹಸ್ಥರು ಸಂಕೋಚದಿಂದ ಹೇಳಿಕೊಂಡಿದ್ದರು. ಈಗ ನಿಲ್ಲಿಸುವಂತಿಲ್ಲ. ಅವರು ಬರುವುದು ತಡವಾದರೆ ಹುಡುಗನು ಪಂಚಪಾತ್ರೆಯನ್ನು ಹಿಡಿದುಕೊಂಡು ಬಾಗಿಲ ಬಳಿ ನಿಂತಿರುತ್ತಾನೆ.

ಶ್ರೀಕೃಷ್ಣಾರ್ಪಣಮಸ್ತು